ಪ್ರಶ್ನೋತ್ತರ: ಆರು ವರ್ಷದ ಮಗಳಿಗೆ ಟೆಲಿಸ್ಕೋಪ್ ತರಬೇಕಾ, ಬೈನಾಕ್ಯುಲರ್ ಸಾಕಾ?

ಪ್ರಶ್ನೆ (ಯಲಬುರ್ಗಾ ತಾಲ್ಲೂಕಿನ ಒಬ್ಬ ತಾಯಿ):

ನಮಸ್ಕಾರ ಸರ್. ನಮ್ಮ ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಬೇಸಿಗೆಯಲ್ಲಿ ನಾವು ಮಾಳಿಗೆ ಮೇಲೆ ಮಲಗುತ್ತೇವೆ. ಆಗ ಅವಳ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಆ ಚುಕ್ಕಿ ಯಾವುದು, ಈ ಚುಕ್ಕಿ ಯಾಕೆ ಕೆಂಪಗಿದೆ, ಅದು ಯಾಕೆ ಮಿಣುಕುವುದಿಲ್ಲ ಅಂತ. ಅವಳ ಸೋದರಮಾವ ಹುಟ್ಟುಹಬ್ಬಕ್ಕೆ ಟೆಲಿಸ್ಕೋಪ್ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ಆನ್‌ಲೈನಲ್ಲಿ ಒಂದನ್ನು ನೋಡಿದ್ದೇವೆ. 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಡಬ್ಬಿ ಮೇಲೆಯೇ ಬರೆದಿದ್ದಾರೆ. ಎಂಟು ಸಾವಿರದ ಒಳಗೆ ಬರುತ್ತದೆ. ತಗೊಳ್ಳಬಹುದಾ? ನೀವು ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಆಕಾಶ ತೋರಿಸುವವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ:

ನಮಸ್ಕಾರ ಅಮ್ಮ. ಮಗು ಮಿಣುಕದ ಚುಕ್ಕಿಯನ್ನು ತಾನೇ ಗುರುತಿಸಿದೆ ಅಂದರೆ ಗ್ರಹವನ್ನು ಪತ್ತೆ ಹಚ್ಚಿದೆ ಎಂದೇ ಅರ್ಥ. ಅವಳಿಗೆ ಅದನ್ನು ಹೇಳಿ, ಖುಷಿಪಡುತ್ತಾಳೆ.

ಆ 525 ಪಟ್ಟಿನ ಡಬ್ಬಿ ಮಾತ್ರ ಬೇಡ. ಆ ಸಂಖ್ಯೆ ಎಲ್ಲಿಂದ ಬಂತು ನೋಡಿ. ಟ್ಯೂಬಿನ ಫೋಕಲ್ ಲೆಂತ್, ಅಂದರೆ ಮುಂದಿನ ಗಾಜಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ, 700 ಮಿ.ಮೀ. ಇರುತ್ತದೆ. ಕಣ್ಣಿಡುವ ಚಿಕ್ಕ ಗಾಜು, ಅಂದರೆ ಐಪೀಸ್, 4 ಮಿ.ಮೀ. ಭಾಗಿಸಿದರೆ 175. ಅದರ ಜೊತೆ ಪವರನ್ನು ಮೂರು ಪಟ್ಟು ಹೆಚ್ಚಿಸುವ ಬಾರ್ಲೋ ಲೆನ್ಸ್ ಕೊಟ್ಟಿರುತ್ತಾರೆ. ಗುಣಿಸಿದರೆ 525. ಲೆಕ್ಕ ಸರಿಯಾಗಿಯೇ ಇದೆ, ಆದರೆ ಕಣ್ಣಿಟ್ಟರೆ ಮಬ್ಬು ಬಿಟ್ಟು ಏನೂ ಕಾಣುವುದಿಲ್ಲ. ಮುಂದಿನ ಗಾಜಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡು ಪಟ್ಟು, ಅಷ್ಟೇ ಆ ದುರ್ಬೀನಿನ ಮಿತಿ. 70 ಮಿ.ಮೀ. ಗಾಜಿಗೆ 140. ಅದೂ ಗಾಳಿ ನೆಟ್ಟಗಿದ್ದ ರಾತ್ರಿ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಚಂದ್ರರನ್ನು ಕಂಡಿದ್ದು ಹತ್ತಿರ ಹತ್ತಿರ 20 ಪಟ್ಟಿನ ದುರ್ಬೀನಿನಲ್ಲಿ. ಪವರ್ ಜಾಸ್ತಿಯಾದಷ್ಟೂ ಅಲುಗಾಟವೂ ಅಷ್ಟೇ ಜಾಸ್ತಿ ಕಾಣುತ್ತದೆ. ಅಗ್ಗದ ಟೆಲಿಸ್ಕೋಪ್‌ಗಳು ಸೋಲುವುದು ಗಾಜಿನಿಂದಲ್ಲ, ಸ್ಟ್ಯಾಂಡಿನಿಂದ.

ಆರು ವರ್ಷದ ಮಗುವಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ದೊಡ್ಡವರು ಪಕ್ಕದಲ್ಲಿ ಇಲ್ಲದಾಗ ಇದನ್ನು ಅದು ತಾನೇ ಎತ್ತಿ, ತಾನೇ ಚಂದ್ರನತ್ತ ತಿರುಗಿಸಿ ನೋಡಬಲ್ಲದಾ? ಆಗಲ್ಲ ಅಂದರೆ ಆ ಸಾಮಾನು ಅಪ್ಪನದಾಗುತ್ತದೆ, ಮಗುವಿನದಾಗುವುದಿಲ್ಲ. ಹಾಗಾಗಿ ನಿಮ್ಮ ಮಗಳಿಗೆ ಬೈನಾಕ್ಯುಲರ್. ಮೇಲುಕೆಳಗಾಗದೆ ನೆಟ್ಟಗೆ ಕಾಣುತ್ತದೆ, ಆಕಾಶದ ದೊಡ್ಡ ತುಂಡು ಒಮ್ಮೆಗೇ ಸಿಗುತ್ತದೆ, ಹಗಲು ಹೊಲದಲ್ಲಿ ಹಕ್ಕಿ ನೋಡಲೂ ಆಗುತ್ತದೆ.

ಅದರಲ್ಲಿ ಯಾವುದು ಎಂಬುದು ಮುಖ್ಯ. 10×50 ಎಂದರೆ ಹತ್ತು ಪಟ್ಟು, 50 ಮಿ.ಮೀ. ಗಾಜು. ದೊಡ್ಡವರಿಗೆ ಒಳ್ಳೆಯದೇ. ಆದರೆ ತೂಕ ಒಂದು ಕೆಜಿ ಹತ್ತಿರ ಬರುತ್ತದೆ. ಮಗು ಎರಡು ನಿಮಿಷದಲ್ಲಿ ಕೆಳಗಿಡುತ್ತದೆ. ನಿಮ್ಮ ಮಗಳಿಗೆ 7×35 ಅಥವಾ 8×30 ಸಾಕು. ಝೂಮ್ ಇರುವುದು ಬೇಡ. ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದೂ ಬೇಡ. ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ರಾತ್ರಿ ಆಕಾಶಕ್ಕೆ ಬೇಕಾದ್ದು ಅದೇ ಬೆಳಕು ಅಲ್ವಾ?

ಇನ್ನೊಂದು ವಿಷಯ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮಗುವಿನ ಎರಡು ಕಣ್ಣುಗಳ ಪಾಪೆಯ ನಡುವಿನ ದೂರವನ್ನು ಅಳೆಯಿರಿ. ಕಣ್ಣ ಕೆಳಗೆ ಸ್ಕೇಲ್ ಹಿಡಿದು, ಮಗು ದೂರದ ಮರ ನೋಡುತ್ತಿರುವಾಗ, ಒಂದು ಪಾಪೆಯ ನಡುವಿನಿಂದ ಇನ್ನೊಂದರ ನಡುವಿನವರೆಗೆ. ಆರು ವರ್ಷಕ್ಕೆ 50ರಿಂದ 55 ಮಿ.ಮೀ. ಆಸುಪಾಸು ಇರುತ್ತದೆ. ದೊಡ್ಡವರದು ಸಾಮಾನ್ಯವಾಗಿ 60 ದಾಟಿರುತ್ತದೆ. ಎಷ್ಟೋ ಬೈನಾಕ್ಯುಲರ್‌ಗಳನ್ನು ಪೂರ್ತಿ ಮಡಚಿದರೂ ಎರಡು ಕೊಳವೆಗಳ ನಡುವೆ 56ಕ್ಕಿಂತ ಕಡಿಮೆ ಬರುವುದಿಲ್ಲ. ಆಗ ಮಗುವಿಗೆ ಎರಡು ವೃತ್ತಗಳು ಕೂಡಿ ಒಂದಾಗುವುದಿಲ್ಲ. 'ಕಾಣುತ್ತಾ?' ಎಂದು ಕೇಳಿದರೆ ದೊಡ್ಡವರ ಸಮಾಧಾನಕ್ಕೆ 'ಹೂಂ' ಎನ್ನುತ್ತದೆ. ಶಾಲೆಗಳಲ್ಲಿ ನಾನು ಇದನ್ನು ಬಹಳ ನೋಡುತ್ತೇನೆ. 'ಏನು ಕಾಣುತ್ತಿದೆ, ಬೆರಳಲ್ಲಿ ಬರೆದು ತೋರಿಸು' ಎಂದರೆ ನಿಜ ಗೊತ್ತಾಗುತ್ತದೆ. ಹಾಗಾಗಿ ವಿವರದಲ್ಲಿ ಕಣ್ಣುಗಳ ನಡುವಿನ ಕನಿಷ್ಠ ಅಂತರ ಎಷ್ಟೆಂದು ನೋಡಿಯೇ ತಗೊಳ್ಳಿ.

ಬಳಸುವ ಕ್ರಮ ಹೀಗೆ. ಮಾಳಿಗೆ ಮೇಲೆ ಹೊರಸು ಹಾಕಿ ಮಗುವನ್ನು ಮಲಗಿಸಿ. ಎರಡೂ ಮೊಣಕೈ ಹಾಸಿಗೆಗೆ ತಾಗಿರಲಿ. ಬೈನಾಕ್ಯುಲರಿನ ಭಾರ ಹುಬ್ಬಿನ ಮೇಲೆ ಬೀಳಲಿ. ಕೈ ಅಲ್ಲಾಡುವುದು ಅಲ್ಲಿಗೆ ಮುಗಿಯಿತು. ಮೊದಲು ಚಂದ್ರ. ಹುಣ್ಣಿಮೆ ದಿನ ಬೇಡ, ಅಂದು ಬಿಸಿಲು ನೇರ ಬಿದ್ದು ಕುಳಿಗಳ ನೆರಳೇ ಇರುವುದಿಲ್ಲ. ಶುಕ್ಲಪಕ್ಷದ ಪಂಚಮಿಯಿಂದ ನವಮಿಯವರೆಗೆ ನೋಡಿ. ಬೆಳಕು ಕತ್ತಲೆ ಸೇರುವ ಗೆರೆಯ ಪಕ್ಕ ಕುಳಿಗಳ ಅಂಚು ಎದ್ದು ಕಾಣುತ್ತದೆ. ಆಮೇಲೆ ಕೃತ್ತಿಕೆ. ಬರಿಗಣ್ಣಿಗೆ ಆರು ಚುಕ್ಕಿ, ಬೈನಾಕ್ಯುಲರಿನಲ್ಲಿ ಡಜನ್‌ಗಟ್ಟಲೆ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಕೆಳಗಿನ ಮಸುಕು ಮೋಡ, ಅದು ನಿಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ. ಬೂದು ಬಣ್ಣದಲ್ಲೇ ಕಾಣುತ್ತದೆ. ಫೋಟೋದಲ್ಲಿರುವ ಗುಲಾಬಿ, ನೀಲಿ ಕಣ್ಣಿಗೆ ಬರುವುದಿಲ್ಲ ಎಂದು ಮಗುವಿಗೆ ಮೊದಲೇ ಹೇಳಿಡಿ.

ಸಾಮಾನು ಬರುವ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಮನೆಯ ಅಜ್ಜಿಗೆ ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಎಲ್ಲ ಬಾಯಿಪಾಠ ಇರುತ್ತವೆ. ಆ ಹೆಸರಿನ ಚುಕ್ಕಿಗಳನ್ನು ಚಳಿಗಾಲದಲ್ಲಿ ಮಗುವಿಗೆ ತೋರಿಸಿ. ರೋಹಿಣಿ ಮಳೆ ಬೀಳುವಾಗ ರೋಹಿಣಿ ಚುಕ್ಕಿ ಕಾಣುವುದಿಲ್ಲ, ಯಾಕೆಂದರೆ ಸೂರ್ಯ ಆಗ ಅಲ್ಲೇ ಇರುತ್ತಾನೆ. ನಿಮ್ಮ ಮಗಳು ಕೇಳಿದ ಕೆಂಪು ಚುಕ್ಕಿ ಚಳಿಗಾಲದ್ದಾದರೆ ರೋಹಿಣಿಯೋ ಆರಿದ್ರೆಯೋ ಇರಬೇಕು. ಬೇಸಿಗೆಯದ್ದಾದರೆ, ರಾತ್ರಿ ತಡವಾಗಿ ಆಗ್ನೇಯಕ್ಕೆ ಕಂಡಿದ್ದರೆ, ವೃಶ್ಚಿಕದ ಜ್ಯೇಷ್ಠಾ.

ಪ್ರಶ್ನೆ (ಸಿಂಧನೂರಿನಿಂದ ಒಬ್ಬ ತಂದೆ):

ನನ್ನ ಮಗನಿಗೆ ಒಂಬತ್ತು. ಬೈನಾಕ್ಯುಲರ್ ಆಗಲೇ ಇದೆ. ಈಗ ಅವನಿಗೆ ಶನಿಯ ಉಂಗುರ ನೋಡಲೇಬೇಕಂತೆ. ಹತ್ತು ಹನ್ನೆರಡು ಸಾವಿರ ಹಾಕಬಲ್ಲೆ. ಯಾವುದು ತರಲಿ?

ಉತ್ತರ:

ಉಂಗುರಕ್ಕೆ ಬೈನಾಕ್ಯುಲರ್ ಸಾಲದು, ನಿಜ. 25-30 ಪಟ್ಟು ಬೇಕು. 70 ಮಿ.ಮೀ. ಗಾಜು, 700 ಮಿ.ಮೀ. ಫೋಕಲ್ ಲೆಂತ್ ಇರುವ ಲೆನ್ಸ್ ಟೆಲಿಸ್ಕೋಪ್ ನೋಡಿ. 25 ಮಿ.ಮೀ. ಐಪೀಸ್ ಹಾಕಿದರೆ 28 ಪಟ್ಟು, ಉಂಗುರ ಪುಟ್ಟದಾಗಿ ಕಾಣುತ್ತದೆ. 10 ಮಿ.ಮೀ. ಹಾಕಿದರೆ 70 ಪಟ್ಟು, ಚೆನ್ನಾಗಿಯೇ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ಉಂಗುರಗಳು ನಮ್ಮ ಕಡೆಗೆ ಅಂಚು ತಿರುಗಿಸಿ ಗೆರೆಯಂತಾಗಿದ್ದವು. ಈಗ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿವೆ. 2032ರ ಹೊತ್ತಿಗೆ ಪೂರ್ತಿ ತೆರೆದುಕೊಳ್ಳುತ್ತವೆ. ಹುಡುಗ ಸರಿಯಾದ ವಯಸ್ಸಿನಲ್ಲೇ ಶುರು ಮಾಡುತ್ತಿದ್ದಾನೆ.

ಮೇಜಿನ ಮೇಲಿಡುವ 76 ಮಿ.ಮೀ. ಕನ್ನಡಿ ಟೆಲಿಸ್ಕೋಪ್ ಕೂಡ ಸಿಗುತ್ತದೆ. ಮಕ್ಕಳಿಗೆ ತಿರುಗಿಸಲು ತುಂಬಾ ಸುಲಭ. ಮನೆ ಮುಂದಿನ ಕಲ್ಲಿನ ಕಟ್ಟೆ ಮೇಲಿಟ್ಟರೆ ಅಲುಗಾಡುವುದೂ ಇಲ್ಲ. ಚಂದ್ರನಿಗೆ, ನಕ್ಷತ್ರ ಗುಂಪುಗಳಿಗೆ ಚೆಂದ. ಆದರೆ ಅದರ 300 ಮಿ.ಮೀ. ಟ್ಯೂಬಿಗೆ ಪವರ್ ಏರಿಸಿದರೆ ಚಿತ್ರ ಮೆತ್ತಗಾಗುತ್ತದೆ. ನಿಮ್ಮ ಹುಡುಗನ ಆಸೆ ಶನಿ, ಹಾಗಾಗಿ 70/700.

ಸ್ಟ್ಯಾಂಡ್ ವಿಷಯದಲ್ಲಿ ಒಂದು ಗಟ್ಟಿ ಮಾತು. ಎಡಬಲ, ಮೇಲೆ ಕೆಳಗೆ ತಿರುಗುವ ಸಾದಾ ಆಲ್ಟ್-ಅಜಿಮತ್ ಸ್ಟ್ಯಾಂಡೇ ಇರಲಿ. ಅದೇ ದುಡ್ಡಿಗೆ ಇಕ್ವಟೋರಿಯಲ್ ಎಂಬ, ತೂಕದ ಗುಂಡು ನೇತಾಡುವ ಸ್ಟ್ಯಾಂಡ್ ತೋರಿಸುತ್ತಾರೆ. ನೋಡಲು ದೊಡ್ಡ ವಿಜ್ಞಾನಿಗಳದ್ದರಂತಿರುತ್ತದೆ. ಅದರ ಅಕ್ಷವನ್ನು ಧ್ರುವ ನಕ್ಷತ್ರದತ್ತ ಗುರಿ ಇಡಬೇಕು. ನಿಮ್ಮೂರಲ್ಲಿ ಧ್ರುವ ದಿಗಂತದಿಂದ ಬರೀ 16 ಡಿಗ್ರಿ ಮೇಲೆ, ಎಷ್ಟೋ ದಿನ ಧೂಳಿನಲ್ಲಿ ಮುಚ್ಚಿ ಹೋಗಿರುತ್ತದೆ. ಅಕ್ಷವನ್ನು ಅಷ್ಟು ಬಗ್ಗಿಸಿದರೆ ಅಗ್ಗದ ಸ್ಟ್ಯಾಂಡ್‌ಗಳಲ್ಲಿ ಆ ಗುಂಡು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಉತ್ತರದ ದೇಶಗಳಿಗೆಂದು ಮಾಡಿದ ಸಾಮಾನು ಅದು. ಮಗುವಿಗಂತೂ ತಲೆನೋವು.

ಬಂದ ಮೇಲೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಮಗು ಕುರ್ಚಿ ಮೇಲೆ ಕೂತು ನೋಡುವಷ್ಟು ಎತ್ತರ ಸಾಕು. ನಡುವೆ ಮರಳಿನ ಚೀಲ ಕಟ್ಟಿ. ಚಂದ್ರನನ್ನು ಹಿಡಿದು ಟ್ಯೂಬಿಗೆ ಬೆರಳಿಂದ ಒಮ್ಮೆ ತಟ್ಟಿ ನೋಡಿ. ಒಂದೆರಡು ಸೆಕೆಂಡಿನಲ್ಲಿ ಚಿತ್ರ ನಿಂತರೆ ಒಳ್ಳೆಯ ಸ್ಟ್ಯಾಂಡ್. ಐದಾರು ಸೆಕೆಂಡ್ ಕುಣಿಯುತ್ತಲೇ ಇದ್ದರೆ ವಾಪಸ್ ಕಳಿಸಿ. ಮಕ್ಕಳು ಬಗ್ಗಿ ನೋಡುವಾಗ ಆಸರೆಗೆ ಐಪೀಸನ್ನೇ ಹಿಡಿದುಕೊಳ್ಳುತ್ತಾರೆ, ಶನಿ ಹೊರಟೇ ಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಇಟ್ಟು ಅದರ ಬೆನ್ನು ಹಿಡಿದುಕೊಳ್ಳಲು ಹೇಳಿ.

ಪ್ರಶ್ನೆ (ತೋರಣಗಲ್ಲು):

ನಮ್ಮಲ್ಲಿ ಸ್ಟೀಲ್ ಕಾರ್ಖಾನೆ ಬೆಳಕಿಗೆ ಆಕಾಶವೇ ಕಿತ್ತಳೆ ಬಣ್ಣ. ಇಲ್ಲಿ ತಗೊಂಡು ಏನು ಪ್ರಯೋಜನ? ಸಂಡೂರು ಗುಡ್ಡದ ಕಡೆ ಹೋಗೋಣ ಅಂದುಕೊಂಡಿದ್ದೇವೆ.

ಉತ್ತರ:

ಚಂದ್ರ, ಗುರು, ಶನಿ, ಶುಕ್ರ ಇವುಗಳಿಗೆ ಕಾರ್ಖಾನೆ ಬೆಳಕು ಅಡ್ಡಿಯಲ್ಲ. ಮನೆ ಮೇಲಿಂದಲೇ ನೋಡಿ, ಬಲ್ಬಿನ ಬೆಳಕು ನೇರ ಕಣ್ಣಿಗೆ ಬೀಳದ ಮೂಲೆ ಹುಡುಕಿದರಾಯಿತು. ಮಕ್ಕಳ ಮೊದಲ ವರ್ಷಕ್ಕೆ ಅಷ್ಟು ಬೇಕಾದಷ್ಟಾಯಿತು. ಕ್ಷೀರಪಥ, ನಿಹಾರಿಕೆ ಬೇಕೆಂದರೆ ಮಾತ್ರ ಕತ್ತಲು ಬೇಕು.

ರಾತ್ರಿ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಸಂಡೂರು ಇರಲಿ, ಆನೆಗೊಂದಿ ಕಡೆಯ ಗುಡ್ಡಗಳಿರಲಿ, ಚಿರತೆ, ಕರಡಿ ಓಡಾಡುವ ಸೀಮೆ. ನೆಂಟರ ಊರಿನ ಮಾಳಿಗೆ, ಹೊಲದ ಮನೆಯ ಅಂಗಳ ಸಾಕು. ಅಮಾವಾಸ್ಯೆ ಆಸುಪಾಸಿನ ದಿನ ನೋಡಿಕೊಳ್ಳಿ. ಮೊಬೈಲ್ ಜೇಬಲ್ಲಿಡಿ, ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಮ್ಮೆ ಫೋನ್ ನೋಡಿದರೆ ಮತ್ತೆ ಮೊದಲಿಂದ.

ನಮ್ಮ ಸೀಮೆಗೆ ಒಂದು ಭಾಗ್ಯ ಇದೆ, ಹೇಳಲೇಬೇಕು. ಮೇ ತಿಂಗಳಲ್ಲಿ ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣ ದಿಕ್ಕು ಬಯಲಾಗಿರುವ ಕಡೆ ನಿಲ್ಲಿ. ತ್ರಿಶಂಕು ನಕ್ಷತ್ರಪುಂಜ ಶಿಲುಬೆಯಂತೆ ತಗ್ಗಿನಲ್ಲಿ ನಿಂತಿರುತ್ತದೆ. ಅದರ ಎಡಕ್ಕೆ, ಇನ್ನೂ ಸ್ವಲ್ಪ ಮೇಲೆ, ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆಯಂಥದ್ದೊಂದು ಸಿಗುತ್ತದೆ. ಒಮೆಗಾ ಸೆಂಟಾರಿ, ಲಕ್ಷಗಟ್ಟಲೆ ನಕ್ಷತ್ರಗಳ ಗೋಳ. ನಮಗೆ ಅದು 27 ಡಿಗ್ರಿ ಎತ್ತರಕ್ಕೆ ಏರುತ್ತದೆ. ದೆಹಲಿಯವರಿಗೆ ಅದರ ಅರ್ಧದಷ್ಟು, ಲಂಡನ್ನಿನವರಿಗೆ ಕಾಣುವುದೇ ಇಲ್ಲ. ಧೂಳು ತುಂಬಿದ ದಿನ ಕಾಣುವುದಿಲ್ಲ. ಒಂದು ಮಳೆ ಬಿದ್ದು ತೊಳೆದ ಮರುದಿನ ನೋಡಿ.

ಪ್ರಶ್ನೆ (ರಾಯಚೂರಿನ ಒಬ್ಬ ಶಿಕ್ಷಕಿ):

ನಮ್ಮ ಶಾಲೆಗೆ ಯಾರೋ ಕೊಟ್ಟ ಟೆಲಿಸ್ಕೋಪಿನ ಜೊತೆ 'ಸೂರ್ಯ' ಎಂದು ಬರೆದ ಕಪ್ಪು ಗಾಜಿನ ಚಿಕ್ಕ ಫಿಲ್ಟರ್ ಇದೆ. ಐಪೀಸಿಗೆ ತಿರುಗಿಸಿ ಹಾಕುವಂಥದ್ದು. ಗ್ರಹಣದ ದಿನ ಬಳಸಬಹುದಾ?

ಉತ್ತರ:

ಬೇಡ ಟೀಚರ್. ಇಂದೇ ಅದನ್ನು ಒಡೆದು ಎಸೆಯಿರಿ. ಮುಂದಿನ ದೊಡ್ಡ ಗಾಜು ಕೂಡಿಸಿದ ಬಿಸಿಲೆಲ್ಲ ಆ ಪುಟ್ಟ ಫಿಲ್ಟರ್ ಮೇಲೆ ಬೀಳುತ್ತದೆ. ಕಾದು ಫಟ್ಟೆಂದು ಸೀಳಿದರೆ ಆ ಕ್ಷಣದಲ್ಲಿ ಕಣ್ಣಿಟ್ಟ ಮಗುವಿನ ದೃಷ್ಟಿ ಹೋಗುತ್ತದೆ. ನೋವೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸೂರ್ಯನ ಫಿಲ್ಟರ್ ಯಾವಾಗಲೂ ಟ್ಯೂಬಿನ ಮುಂಭಾಗಕ್ಕೆ ಬಿಗಿಯಾಗಿ ಕೂರುವಂಥದ್ದೇ ಇರಬೇಕು. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ನೋಡುವುದೂ ಅಷ್ಟೇ ಅಪಾಯ.

2027ರ ಆಗಸ್ಟ್ 2ರಂದು ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ, ಸಂಜೆ ಕಡೆಗೆ. ಮಳೆಗಾಲ, ಮೋಡ ಬಿಟ್ಟರೆ ಕಾಣುತ್ತದೆ. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಳಿ ಹಾಳೆ ಮೇಲೆ ಬಿಂಬ ಬೀಳಿಸಿ. ಬೇವಿನ ಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಕಚ್ಚಿದ ರೊಟ್ಟಿಯ ಆಕಾರಕ್ಕೆ ಬರುತ್ತವೆ. ಇಡೀ ಕ್ಲಾಸು ಒಟ್ಟಿಗೆ ನೋಡಬಹುದು.

ಪ್ರಶ್ನೆ (ಯಲಬುರ್ಗಾದ ತಾಯಿ ಮತ್ತೆ):

ತುಂಬಾ ಉಪಕಾರವಾಯಿತು ಸರ್. ಅಳತೆ ತೆಗೆದೆ, 52 ಬಂತು. ತಮ್ಮನೂ ಒಪ್ಪಿದ್ದಾನೆ, 8×30 ನೋಡುತ್ತಿದ್ದೇವೆ. ಪಾರ್ಸೆಲ್ ಬಂದ ಮೇಲೆ ಏನೇನು ನೋಡಬೇಕು? ನಮ್ಮಲ್ಲಿ ಧೂಳು ಬೇರೆ ಜಾಸ್ತಿ.

ಉತ್ತರ:

52ಕ್ಕೆ ಹೊಂದುವುದು ಸಿಗುವುದು ಸ್ವಲ್ಪ ಕಷ್ಟ, ಹುಡುಕಿ. ಸಿಗದಿದ್ದರೆ ಒಂದೇ ಕೊಳವೆಯ 8 ಪಟ್ಟಿನ ಮೊನಾಕ್ಯುಲರ್ ತಗೊಳ್ಳಿ, ಕಣ್ಣಿನ ಅಳತೆಯ ತೊಂದರೆಯೇ ಇಲ್ಲ. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲಿ, ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ.

ಧೂಳು ಕೂತರೆ ಸೆರಗಿನಿಂದ ಒರೆಸಬೇಡಿ. ನಮ್ಮ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಗಾಜಿನ ಮೇಲಿನ ಲೇಪ ಗೀರಿಹೋಗುತ್ತದೆ. ಗಾಳಿ ಊದುವ ರಬ್ಬರ್ ಬ್ಲೋವರ್ ಸಾಕು. ನೋಡಿದ ತಕ್ಷಣ ಮುಚ್ಚಳ ಹಾಕಿ, ಕುತ್ತಿಗೆಯ ಪಟ್ಟಿಯನ್ನು ಮಗುವಿನ ಎದೆ ಮಟ್ಟಕ್ಕೆ ಗಿಡ್ಡ ಮಾಡಿ.

ಪಾರ್ಸೆಲ್ ಬಂದ ದಿನವೇ, ಹಗಲಲ್ಲಿ, ದೂರದ ಮೊಬೈಲ್ ಟವರ್ ನೋಡಿ. ಸೂರ್ಯ ಬೆನ್ನ ಹಿಂದಿರಲಿ. ಟವರ್ ಎರಡಾಗಿ ಕಂಡರೆ, ಇಲ್ಲವೇ ನೋಡಿದ ಮೇಲೆ ಕಣ್ಣು ಎಳೆದಂತೆ ನೋವಾದರೆ, ಒಳಗಿನ ಗಾಜು ಜರುಗಿದೆ ಎಂದರ್ಥ. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಲಗಲ ಸದ್ದು ಬಂದರೆ ಡಬ್ಬಿ, ಬಿಲ್ಲು ಯಾವುದನ್ನೂ ಬಿಸಾಡದೆ ಅವಧಿಯೊಳಗೆ ವಾಪಸ್ ಕಳಿಸಿ, ಬದಲಿ ತರಿಸಿಕೊಳ್ಳಿ.