ಬಿಸಿಲಿಗೆ ಹುಷಾರು ಅಂದ್ರೆ ಅಪ್ಪ ಕೇಳೋದೇ ಇಲ್ಲ, ಹೇಗೆ ಹೇಳೋದು?

ಪ್ರಶ್ನೆ
ಅಪ್ಪಂಗೆ 78 ವರ್ಷ, ಬಿಪಿ ಇದೆ, ಒಬ್ರೇ ಇರ್ತಾರೆ. ನಡು ಮಧ್ಯಾಹ್ನ ಕಿಟಕಿ ಬಾಗಿಲೆಲ್ಲಾ ತೆಗೆದಿಟ್ಟು ಹೊರಗಡೆ ಗಿಡಕ್ಕೆ ಪಾತಿ ಮಾಡ್ತಾ ಕೂತಿರ್ತಾರೆ. ಹುಷಾರಪ್ಪ ಅಂದ್ರೆ "ಇದಕ್ಕಿಂತ ಬಿಸಿಲು ನೋಡಿದೀನಿ ಬಿಡು, ವಯಸ್ಸಾದವ್ರು ಒಳಗಿರ್ಬೇಕು ಅಂತ ಟಿವಿಲಿ ಹೇಳ್ತಿದ್ರು, ಪಾಪ ಪಕ್ಕದ್ಮನೆಯವ್ರಿಗೆ ಹೇಳ್ಬೇಕು" ಅಂತಾರೆ. ಪಕ್ಕದ್ಮನೆಯವ್ರು ಇವ್ರಿಗಿಂತ ಚಿಕ್ಕೋರು! ನೀರು ಕುಡೀರಿ ಅಂದ್ರೆ ಬಾಯಾರಿಕೆನೇ ಆಗಲ್ಲ ಅಂತಾರೆ. ಜಗಳ ಆಗ್ದೇ ಇರೋ ಹಾಗೆ ಹೇಗೆ ಹೇಳೋದು?

ಉತ್ತರ 1
ನಾನು ನರ್ಸ್. ಬಾಯಾರಿಕೆ ಆಗಲ್ಲ ಅನ್ನೋದು ಹಟ ಅಲ್ಲ ಕಣ್ರೀ, ನಿಜಾನೇ ಹೇಳ್ತಿದಾರೆ. ವಯಸ್ಸಾಗ್ತಾ ಮೈಯಲ್ಲಿ ನೀರು ಕಮ್ಮಿಯಾದ್ರೂ ಬಾಯಾರಿಕೆ ಸರಿಯಾಗಿ ಗೊತ್ತಾಗಲ್ಲ, ಬೆವರೋದೂ ಕಮ್ಮಿಯಾಗತ್ತೆ, ಮೈ ತಂಪು ಮಾಡೋಕೆ ಚರ್ಮದ ಕಡೆ ರಕ್ತ ಕಳಿಸ್ಬೇಕು ಅಂತ ಹಾರ್ಟಿಗೆ ಕೆಲಸ ಜಾಸ್ತಿ ಬೀಳತ್ತೆ. ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡ್ಸೋವು ಇರ್ತವೆ, ಬಿಸಿಲು ಕಾಲದಲ್ಲಿ ಅದ್ರಿಂದ ನೀರು ಇನ್ನೂ ಕಮ್ಮಿಯಾಗ್ಬಹುದು. ದಯವಿಟ್ಟು ನೀವಾಗಿ ನಿಲ್ಲಿಸ್ಬೇಡಿ, ಡೋಸ್ ಬದಲಾಯಿಸ್ಬೇಕಾ, ದಿನಕ್ಕೆ ಎಷ್ಟು ನೀರು ಕುಡೀಬಹುದು ಅಂತ ಡಾಕ್ಟರ್ ಹತ್ರ ಕೇಳಿ, ಹಾರ್ಟ್ ಅಥವಾ ಕಿಡ್ನಿ ತೊಂದ್ರೆ ಇದ್ರಂತೂ ಕೇಳ್ಲೇಬೇಕು.
ಫೋನಲ್ಲಿ ಮಾತು ತೊದಲ್ತಿದೆ, ಏನೇನೋ ಸಂಬಂಧ ಇಲ್ದೇ ಮಾತಾಡ್ತಿದಾರೆ ಅನ್ಸಿದ್ರೆ ಸುಸ್ತಾಗಿರ್ಬೇಕು ಅಂತ ಬಿಡ್ಬೇಡಿ, ಹೀಟ್ ಸ್ಟ್ರೋಕ್ ಇರ್ಬಹುದು, ಅಂದ್ರೆ ಮೈ ಬಿಸಿ ವಿಪರೀತ ಏರಿ ಪ್ರಾಣಕ್ಕೇ ಅಪಾಯ ಆಗೋದು, ತಕ್ಷಣ ಆಂಬ್ಯುಲೆನ್ಸ್ ಕರೀರಿ. ಅದು ಬರೋತನಕ ಯಾರಾದ್ರೂ ನೆರಳಿಗೆ ಕರ್ಕೊಂಡ್ಹೋಗಿ ಮೈ ಪೂರ್ತಿ ಒದ್ದೆ ಮಾಡಿ ಗಾಳಿ ಹಾಕ್ಲಿ. ಬೆವರ್ತಿದಾರಲ್ಲ, ಹೀಟ್ ಸ್ಟ್ರೋಕ್ ಇರ್ಲಿಕ್ಕಿಲ್ಲ ಅಂದ್ಕೋಬೇಡಿ, ಬೆವರಿದ್ರೂ ಆಗ್ಬಹುದು. ಎಚ್ಚರ ಪೂರ್ತಿ ಇಲ್ದೇ ಇದ್ರೆ ಬಾಯಿಗೆ ನೀರು ಹಾಕ್ಬಾರ್ದು.

ಉತ್ತರ 2
ನಾನೂ ನಿಮ್ಮ ತಂದೆ ವಯಸ್ಸಿನವಳೇ, ಅದಕ್ಕೇ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ. ಬಿಸಿಲು ಕೆಟ್ಟದ್ದು ಅಂತ ನಮಗೆ ಗೊತ್ತು. ಆದ್ರೆ ದಿನಾ ಎದ್ದು ನಮ್ಮ ಕೆಲಸ ನಾವೇ ಮಾಡ್ಕೊಳ್ಳೋವಾಗ "ವಯಸ್ಸಾದವ್ರು" ಅಂದ್ರೆ ಅದು ಇನ್ಯಾರಿಗೋ ಹೇಳಿದ ಹಾಗಿರತ್ತೆ. ಮಕ್ಕಳು ನಿಮ್ಗೆ ವಯಸ್ಸಾಯ್ತು ಅಂತ ಶುರು ಮಾಡಿದ್ರೆ ಮುಂದಿನ ಮಾತು ಕಿವಿಗೇ ಹೋಗಲ್ಲ, ಇನ್ನು ಒಂಟಿಯಾಗಿ ಇರೋಕೆ ಬಿಡಲ್ವೇನೋ ಅನ್ನೋ ಭಯಾನೇ ಮುಂದೆ ಬರತ್ತೆ.
ಇನ್ನೊಂದು, ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ. ನೀರು ಕಮ್ಮಿ ಕುಡಿಯೋದು ರಾತ್ರಿ ಏಳ್ಬೇಕಾಗತ್ತೆ ಅಂತ. ಕತ್ತಲಲ್ಲಿ ಬಚ್ಚಲುಮನೆಗೆ ಹೋಗ್ವಾಗ ಎಲ್ಲಿ ಜಾರಿ ಬೀಳ್ತೀನೋ, ಸೊಂಟ ಮುರಿದ್ರೆ ಯಾರು ನೋಡ್ಕೋತಾರೆ ಅಂತ ಯೋಚನೆ. ಹಾಸಿಗೆಯಿಂದ ಬಚ್ಚಲುಮನೆ ತನಕ ಒಂದು ಸಣ್ಣ ಲೈಟ್ ಹಾಕ್ಸಿಕೊಡಿ, ಹಿಡ್ಕೊಳ್ಳೋಕೆ ಒಂದು ಕಂಬಿ, ನೀರೆಲ್ಲಾ ಬೆಳಿಗ್ಗೆಯಿಂದ ಸಂಜೆ ಒಳಗೆ ಸ್ವಲ್ಪ ಸ್ವಲ್ಪ ಕುಡೀಲಿ. ಬರೀ ನೀರು ಕುಡೀರಿ ಕುಡೀರಿ ಅಂತ ಹೇಳೋದಕ್ಕಿಂತ ಇದು ಮೇಲು. ಗಿಡದ ಕೆಲಸ ಬಿಡ್ಸೋಕೆ ಹೋಗ್ಬೇಡಿ, ಹೊತ್ತು ಏರೋ ಮುಂಚೆ ಮುಗಿಸ್ಕೊಳ್ಳಿ ಅನ್ನಿ ಸಾಕು.

ಪ್ರಶ್ನೆ ಕೇಳಿದವರು
ಅಮ್ಮಾ, ತುಂಬಾ ಥ್ಯಾಂಕ್ಸ್. ಲೈಟ್ ಈ ವಾರಾನೇ ಹಾಕಿಸ್ತೀನಿ. ಫ್ಯಾನ್ ಇದೆಯಲ್ಲ ಸಾಕು ಅಂತಾರೆ, ಸಾಕಾ?

ಉತ್ತರ 3
ಕೆಲವು ಸಲ ಸಾಕಾಗಲ್ಲ. ರೂಮಿನ ಬಿಸಿ 40 ಡಿಗ್ರಿ ದಾಟಿದ್ರೆ ಫ್ಯಾನ್ ಬಿಸಿಗಾಳೀನೇ ಮೈಗೆ ಹೊಡೆಯತ್ತೆ, ಆಗ ಬಳಸ್ಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳತ್ತೆ. ಒಳಗೊಂದು ಥರ್ಮಾಮೀಟರ್ ತೂಗುಹಾಕಿ, ಮಕ್ಕಳ ಮಾತು ಕೇಳದವ್ರೂ ಎದುರಿಗಿರೋ ನಂಬರ್ ನೋಡ್ತಾರೆ. ಹೊರಗಡೆ ಒಳಗಿಗಿಂತ ಬಿಸಿ ಇದ್ರೆ ಕಿಟಕಿ ಮುಚ್ಚಿ ಪರದೆ ಎಳೆದಿಡ್ಲಿ, ರಾತ್ರಿ ತಂಪಾದ್ಮೇಲೆ ತೆಗೀಲಿ.
2003ರಲ್ಲಿ ಯುರೋಪಿಗೆ ಬಂದ ಬಿಸಿಗಾಳಿಲಿ ಫ್ರಾನ್ಸ್ ಒಂದ್ರಲ್ಲೇ ಸುಮಾರು 15,000 ಜನ ಹೋದ್ರು, ಹೆಚ್ಚಿನವ್ರು 75 ದಾಟಿದವ್ರು, ಮನೇಲಿ ಒಬ್ರೇ ಇದ್ದು ಯಾರಿಗೂ ಗೊತ್ತಾಗ್ದೇ ಹೋದವ್ರೂ ಇದ್ರು. ನಂಗೆ ಇದನ್ನ ಓದಿದ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ನಿಮ್ಮಪ್ಪಂಗೆ ಪಕ್ಕದ್ಮನೆಯವ್ರ ಚಿಂತೆ ಇದೆಯಲ್ಲ, ಹಾಗಾದ್ರೆ ದಿನಾ ಮಧ್ಯಾಹ್ನ ಅವ್ರಿಗೆ ಫೋನ್ ಮಾಡಿ ವಿಚಾರಿಸೋ ಕೆಲಸ ಇವ್ರಿಗೇ ಕೊಡಿ. ಇವ್ರ ಫೋನ್ ಬರ್ಲಿಲ್ಲ ಅಂದ್ರೆ ಬಂದು ಬಾಗಿಲು ತಟ್ಟಿ ಅಂತ ಅವ್ರಿಗೂ ಹೇಳಿಡಿ.