ಟ್ರೆವಿಸ್ (ಲಸಿಕೆ, ಚಿಕಿತ್ಸೆಗೆ ದನವನ್ನು ನಿಲ್ಲಿಸುವ ಕಂಬಿಗಳ ಚೌಕಟ್ಟು) ಮಾಡಿಸಿ ಮೂರು ತಿಂಗಳಾಯಿತು, ಒಂದು ದನವೂ ಒಳಗೆ ಹೋಗುತ್ತಿಲ್ಲ. ಕತ್ತು ಹಿಡಿಯುವ ಗೇಟು ತರಿಸಲೇ?

ತೀರ್ಥಹಳ್ಳಿ ಕೊಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಸಾಕಾಗಿ ಹೋಗಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಆರು ಜಾನುವಾರುಗಳಿವೆ. ಕಳೆದ ಸಲ ಕಾಲುಬಾಯಿ ಲಸಿಕೆ ಹಾಕಲು ಬಂದವರ ಮೊಣಕಾಲಿಗೆ ಒದೆ ಬಿದ್ದು ಅವರು ಎರಡು ವಾರ ಕುಂಟಿದರು. ಮುಂದಿನ ಸಲ ಟ್ರೆವಿಸ್ ಇಲ್ಲದಿದ್ದರೆ ಕೊಟ್ಟಿಗೆಯೊಳಗೆ ಬರುವುದಿಲ್ಲ ಎಂದು ಹೇಳಿ ಹೋದರು. ಅವರ ಮಾತು ನ್ಯಾಯವಾದದ್ದೇ. ಅದಕ್ಕೇ ಎರಡು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಗಟ್ಟಿಯಾದ ಟ್ರೆವಿಸ್ ಮಾಡಿಸಿದೆ. ನಾಲ್ಕು ಕಂಬ, ಎರಡೂವರೆ ಅಡಿ ಆಳಕ್ಕೆ ಕಾಂಕ್ರೀಟು, ಮೇಲೆ ಶೀಟು. ಒಟ್ಟು 38,000 ರೂಪಾಯಿ ಖರ್ಚಾಯಿತು.

ಈಗ ಒಂದೂ ಒಳಗೆ ಕಾಲಿಡುವುದಿಲ್ಲ. ಇಬ್ಬರು ಮುಂದಿನಿಂದ ಎಳೆದು ಒಬ್ಬರು ಹಿಂದಿನಿಂದ ತಳ್ಳಿದರೂ ನಾಲ್ಕು ಕಾಲೂರಿ ನಿಲ್ಲುತ್ತವೆ. ಒಂದು ಹೇಗೋ ಒಳಗೆ ಹೋಯಿತು, ಹೋದದ್ದೇ ಅಲ್ಲೇ ತಿರುಗಿಕೊಂಡು ನಮ್ಮ ಕಡೆ ಮುಖ ಮಾಡಿ ನಿಂತಿತು. ಇನ್ನು ಇಪ್ಪತ್ತು ದಿನಕ್ಕೆ ಲಸಿಕೆ ಇದೆ. ಇದೇ ಟ್ರೆವಿಸ್‌ಗೆ ಕತ್ತು ಹಿಡಿಯುವ ಗೇಟು ಕೂಡಿಸಲೇ? ಅಥವಾ ಇದನ್ನು ಕಿತ್ತು ಎರಡೂ ಪಕ್ಕದಿಂದ ಅಮುಕಿ ಹಿಡಿಯುವ ಸ್ಕ್ವೀಜ್ ಚ್ಯೂಟ್ ಕೊಳ್ಳಲೇ? ದಯವಿಟ್ಟು ಬೇಗ ಹೇಳಿ.

ಮದ್ದೂರು ಡೈರಿ:
ಕತ್ತು ಹಿಡಿಯುವ ಗೇಟೇ ಬೇಕು ಸ್ವಾಮಿ, ಎರಡನೇ ಮಾತಿಲ್ಲ. ಕತ್ತು ಸಿಕ್ಕಿದರೆ ಇಡೀ ದನ ಸಿಕ್ಕಿದಂತೆ. ನಮ್ಮಲ್ಲಿ ಹದಿನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳಿವೆ. ಗೋದಲಿಯ ಉದ್ದಕ್ಕೂ ತಾನಾಗಿ ಬೀಳುವ ಹೆಡ್‌ಲಾಕ್ ಕೂರಿಸಿದ್ದೇನೆ. ಮೇವಿಗೆ ತಲೆ ಹಾಕಿದರೆ ಸಾಕು, ಲಾಕ್ ಬೀಳುತ್ತದೆ. ಹದಿನಾಲ್ಕಕ್ಕೂ ಅರ್ಧ ಗಂಟೆಯಲ್ಲಿ ಲಸಿಕೆ ಮುಗಿಯುತ್ತದೆ.

ಹಳ್ಳಿಕಾರ್ ಜೋಡಿ:
ಮೂಗುದಾರ ಇದೆಯೇ, ಇಲ್ಲವೇ? ಅದನ್ನು ಬರೆದೇ ಇಲ್ಲ. ಮೂಗುದಾರ ಇಲ್ಲದ ದನವನ್ನು ಹತ್ತು ಜನ ಎಳೆದರೂ ಅಷ್ಟೇ. ನಮ್ಮ ಜೋಡಿ ಎತ್ತುಗಳನ್ನು ಹನ್ನೆರಡು ವರ್ಷದ ನನ್ನ ಮಗಳು ಒಂದು ಕೈಯಲ್ಲಿ ಹಿಡಿದುಕೊಂಡು ಕೆರೆಗೆ ಹೋಗುತ್ತಾಳೆ. ಮೊದಲು ಮೂಗು ಚುಚ್ಚಿಸಿ, ಆಮೇಲೆ ಕಬ್ಬಿಣದ ಮಾತು.

ಸುಳ್ಯ ವೆಲ್ಡಿಂಗ್:
ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗಿರುತ್ತದೆ. ಮಲೆನಾಡಿನ ಮಳೆಗೆ, ಗಂಜಲದ ಸಿಡಿತಕ್ಕೆ ಮೊದಲು ತುಕ್ಕು ಹಿಡಿಯುವುದು ಆ ಜಾಯಿಂಟುಗಳೇ. ಸತುವಿನ ಪೇಂಟ್ ಹೊಡೆಸಿದ್ದೀರಾ? ಪೈಪ್ ದಪ್ಪದಲ್ಲಿ ಬಿ ಕ್ಲಾಸೋ, ಸಿ ಕ್ಲಾಸೋ?

ತೀರ್ಥಹಳ್ಳಿ ಕೊಟ್ಟಿಗೆ:
ಬಿ ಕ್ಲಾಸ್. ಪೇಂಟ್ ಹೊಡೆಸಿಲ್ಲ, ಹೊಡೆಸುತ್ತೇನೆ. ಆದರೆ ನನ್ನ ಸಮಸ್ಯೆ ತುಕ್ಕಿನದಲ್ಲ. ಮೂಗುದಾರ ಯಾವುದಕ್ಕೂ ಇಲ್ಲ, ಎಲ್ಲಕ್ಕೂ ಕತ್ತಿಗೆ ಕಣ್ಣಿ ಮಾತ್ರ.

ಹಳ್ಳಿಕಾರ್ ಜೋಡಿ:
ನೋಡಿ, ನಾನು ಹೇಳಿದ್ದು ಅದನ್ನೇ.

ಮದ್ದೂರು ಡೈರಿ:
ಹಾಲು ಕರೆಯುವ ಹಸುವಿಗೆ ಈ ಕಾಲದಲ್ಲಿ ಮೂಗು ಚುಚ್ಚುತ್ತಾರೆಯೇ ಅಣ್ಣ? ಅದು ಹಿಂಸೆ.

ಹಳ್ಳಿಕಾರ್ ಜೋಡಿ:
ಹಿಂಸೆ ಎಂಬ ಮಾತು ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಮೂಗುದಾರ ಹಾಕುವುದಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ನಮ್ಮ ಅಜ್ಜ, ಮುತ್ತಜ್ಜ ಎತ್ತುಗಳನ್ನು ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡವರು.

ನಿವೃತ್ತ ಪಶುಪರೀಕ್ಷಕ:
ವಿನಾಯಿತಿ ಇರುವುದು ನಿಜ. "ನಿಗದಿಪಡಿಸಿದ ವಿಧಾನದಲ್ಲಿ" ಎಂಬ ಮಾತೂ ಅದೇ ಸಾಲಿನಲ್ಲಿದೆ. ತುಕ್ಕು ಹಿಡಿದ ದಬ್ಬಣದಲ್ಲಿ ಚುಚ್ಚಿ ಹುಳ ಬಿದ್ದ ಮೂಗುಗಳಿಗೆ ನಾನೇ ಔಷಧಿ ಹಾಕಿದ್ದೇನೆ. ಎತ್ತಿನ ವಿಷಯ ಬೇರೆ, ಅದನ್ನು ಇಲ್ಲಿಗೆ ಬಿಡೋಣ.

ತೀರ್ಥಹಳ್ಳಿಯವರೇ, ನಿಮ್ಮ ಬರಹದಲ್ಲಿ ಒಂದು ಸಾಲು ನನಗೆ ಮುಳ್ಳಿನಂತೆ ಚುಚ್ಚುತ್ತಿದೆ. ದನ ಒಳಗೆ ಹೋಗಿ ತಿರುಗಿತು ಎಂದಿದ್ದೀರಿ. ಅಳತೆಗೆ ಮಾಡಿದ ಟ್ರೆವಿಸ್‌ನಲ್ಲಿ ಎಚ್‌ಎಫ್ ತಿರುಗಲು ಸಾಧ್ಯವೇ ಇಲ್ಲ. ಆರು ಜಾನುವಾರು ಎಂದರೆ ಯಾವ ಯಾವ ತಳಿ? ಟ್ರೆವಿಸ್‌ನ ಒಳ ಅಗಲ ಎಷ್ಟು? ನೆಲ ಎಂಥದ್ದು? ಮೊದಲ ಸಲ ಯಾವ ಕೆಲಸಕ್ಕೆ ಅದರೊಳಗೆ ಒಯ್ದಿರಿ?

ಮದ್ದೂರು ಡೈರಿ:
ಕತ್ತು ಲಾಕ್ ಆದರೆ ತಿರುಗುವ ಮಾತೇ ಬರುವುದಿಲ್ಲವಲ್ಲ ಸರ್. ಅದಕ್ಕೇ ಗೇಟು ಎನ್ನುತ್ತಿದ್ದೇನೆ.

ತೀರ್ಥಹಳ್ಳಿ ಕೊಟ್ಟಿಗೆ:
ಸರ್, ಎರಡು ಎಚ್‌ಎಫ್ ಮಿಶ್ರತಳಿ, ಒಂದು ಜೆರ್ಸಿ ಮಿಶ್ರತಳಿ, ಮೂರು ಮಲೆನಾಡು ಗಿಡ್ಡ. ತಿರುಗಿ ನಿಂತದ್ದು ಗಿಡ್ಡ. ಒಳ ಅಗಲ ಮೂರು ಅಡಿ, ಉದ್ದ ಏಳು. ದೊಡ್ಡದಿದ್ದರೆ ಎಲ್ಲಕ್ಕೂ ಆಗುತ್ತದೆ ಎಂದು ಹಾಗೆ ಮಾಡಿಸಿದೆ. ನೆಲ ಸಿಮೆಂಟು, ತೊಳೆಯಲು ಸುಲಭವಾಗಲಿ ಎಂದು ನುಣ್ಣಗೆ ಉಜ್ಜಿಸಿದ್ದೇನೆ. ಮೊದಲ ಸಲ ಒಯ್ದದ್ದು ಗರ್ಭ ಪರೀಕ್ಷೆಗೆ ಮತ್ತು ಗುರುತಿನ ಹೊಸ ಕಿವಿಯೋಲೆ (ಟ್ಯಾಗ್) ಚುಚ್ಚಿಸಲು. ಅಂದು ಜೆರ್ಸಿ ಒಳಗೆ ಜಾರಿ ಬಿದ್ದಿತು.

ನಿವೃತ್ತ ಪಶುಪರೀಕ್ಷಕ:
ಇದನ್ನೆಲ್ಲ ಮೊದಲೇ ಬರೆದಿದ್ದರೆ ಚೆನ್ನಾಗಿತ್ತು ಮಾರಾಯರೇ. ಮಲೆನಾಡು ಗಿಡ್ಡದ ಹಸು ನೂರು, ನೂರಿಪ್ಪತ್ತು ಕಿಲೋ ತೂಗುತ್ತದೆ. ಎತ್ತರ ಮೂರು ಅಡಿಯ ಆಸುಪಾಸು. ಎಚ್‌ಎಫ್ ಮಿಶ್ರತಳಿ ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ. ಒಂದೇ ಚೌಕಟ್ಟಿನಲ್ಲಿ ಎರಡನ್ನೂ ಹಿಡಿಯಬೇಕಾದರೆ ಅಗಲ ಕಿರಿದಾಗುವಂತಿರಬೇಕು. ದೊಡ್ಡ ಹಸುವಿಗೆ ಎರಡು, ಎರಡೂಕಾಲು ಅಡಿ ಸಾಕು. ಮೂರು ಅಡಿ ಯಾವ ಹಸುವಿಗೂ ಹೆಚ್ಚು. ಗಿಡ್ಡಕ್ಕೆ ಒಂದೂವರೆ ಅಡಿ. ಒಳಗಿನಿಂದ ಎರಡೂ ಪಕ್ಕದ ಉದ್ದಕ್ಕೆ ಅಡಿಕೆ ದಬ್ಬೆಗಳನ್ನು (ಸೀಳಿದ ಅಡಿಕೆ ಮರ) ಕಟ್ಟಿ ಅಗಲ ಇಳಿಸಿ. ನಿಮ್ಮ ಊರಿನಲ್ಲಿ ಅಡಿಕೆ ದಬ್ಬೆಗೆ ಬರವಿಲ್ಲ. ಕೆಳಗಿನ ದಬ್ಬೆ ಗಿಡ್ಡದ ಎದೆಯ ಮಟ್ಟಕ್ಕೆ ಬರಬೇಕು, ಇಲ್ಲದಿದ್ದರೆ ಅಡಿಯಿಂದ ನುಸುಳಿ ಹೊರಗೆ ಬರುತ್ತದೆ.

ಇನ್ನೊಂದು ಮುಖ್ಯ ಮಾತು. ಪಕ್ಕದ ಕಂಬಿಗಳು ಬೆಸೆದವೋ, ಎಳೆದು ತೆಗೆಯುವಂಥವೋ? ಒಳಗೆ ಬಿದ್ದ ಹಸುವಿನ ಕಾಲು ಕಂಬಿಯ ಅಡಿಗೆ ಸಿಕ್ಕಿದರೆ ಆ ಕಂಬಿಯನ್ನು ಕೂಡಲೇ ತೆಗೆಯಲು ಬರಬೇಕು. ಹಿಂದಿನ ಅಡ್ಡಕಂಬಿಯಂತೂ ಪಕ್ಕಕ್ಕೆ ಜಾರಿಸಿ ತೆಗೆಯುವಂತೆಯೇ ಇರಬೇಕು. ಗರ್ಭ ಪರೀಕ್ಷೆ ಮಾಡುವವರ ಕೈ ಭುಜದವರೆಗೆ ಒಳಗಿರುವಾಗ ಹಸು ಕುಸಿದರೆ ಆ ಕೈ ಮುರಿಯುತ್ತದೆ.

ಸುಳ್ಯ ವೆಲ್ಡಿಂಗ್:
ಇದು ಸರಿಯಾದ ಮಾತು. ಕಂಬಕ್ಕೆ ಎರಡೂವರೆ ಇಂಚಿನ ಪೈಪಿನ ತುಂಡುಗಳನ್ನು ಬೆಸೆದು, ಎರಡು ಇಂಚಿನ ಕಂಬಿ ಅದರೊಳಗೆ ಜಾರುವಂತೆ ಮಾಡಿ, ತುದಿಗೆ ಪಿನ್ ಕೊಡಬೇಕು. ನಾನು ಹಾಗಲ್ಲದೆ ಮಾಡಿಯೇ ಇಲ್ಲ. ಬೆಸೆಯುವ ಮೊದಲು ಅಲ್ಲಿನ ಸತುವನ್ನು ಉಜ್ಜಿ ತೆಗೆಯಲು ಹೇಳಿ. ಆ ಹೊಗೆ ಕುಡಿದರೆ ಕೆಲಸದವನಿಗೆ ರಾತ್ರಿ ಚಳಿಜ್ವರ ಬರುತ್ತದೆ. ನಾನು ಅನುಭವಿಸಿದ್ದೇನೆ.

ವೈಕಾಟೊ ಕನ್ನಡಿಗ:
ನಾನು ನ್ಯೂಜಿಲೆಂಡಿನ ಡೈರಿ ಫಾರ್ಮಿನಲ್ಲಿ ಕೆಲಸ ಮಾಡುತ್ತೇನೆ, ಊರು ಹಾಸನದ ಕಡೆ. ಇಲ್ಲಿ ತಿರುಗುವ ವೇದಿಕೆಯ ಮೇಲೆ ಐವತ್ತು ಹಸುಗಳನ್ನು ಒಟ್ಟಿಗೆ ಕರೆಯುತ್ತೇವೆ. ಕಣ್ಣಿ ಇಲ್ಲ, ಮೂಗುದಾರ ಇಲ್ಲ. ಸ್ಕ್ವೀಜ್ ಚ್ಯೂಟ್ ಹುಟ್ಟಿದ್ದು ವರ್ಷಕ್ಕೆ ಒಂದೆರಡು ಸಲ ಮಾತ್ರ ಮನುಷ್ಯರ ಕೈಗೆ ಸಿಗುವ ಮಾಂಸದ ಹಿಂಡುಗಳಿಗೆ. ದಿನಕ್ಕೆ ಎರಡು ಸಲ ಕೆಚ್ಚಲು ಮುಟ್ಟಿಸಿಕೊಳ್ಳುವ ನಿಮ್ಮ ಆರಕ್ಕೆ ಅದು ಬೇಡ. ಆ ದುಡ್ಡನ್ನು ಮೇವಿಗೆ ಹಾಕಿ.

ಮದ್ದೂರು ಡೈರಿ:
ಐವತ್ತು ಒಟ್ಟಿಗೆ! ನಮ್ಮದರಲ್ಲಿ ಎರಡು ಬಕೆಟ್ಟಿನ ಕರೆಯುವ ಯಂತ್ರ, ತಂಪಿಗೆ ನೀರಿನ ಮಂಜು ಚಿಮ್ಮುವ ಫಾಗರ್, ಪೂರ್ತಿ ರಬ್ಬರ್ ಮ್ಯಾಟ್ ಇದೆ. ಬೇಸಿಗೆಯಲ್ಲೂ ಹಾಲು ಇಳಿಯಲಿಲ್ಲ. ಫಾಗರ್‌ಗೆ ಎಷ್ಟು ಒತ್ತಡದ ಪಂಪ್ ಬಳಸುತ್ತೀರಿ? ಮತ್ತೆ ಹೇಳುತ್ತೇನೆ, ಗೇಟು ಹಾಕಿಸಿಬಿಡಿ.

ನಿವೃತ್ತ ಪಶುಪರೀಕ್ಷಕ:
ಮದ್ದೂರಿನವರೇ, ನಿಮ್ಮ ಹೆಡ್‌ಲಾಕ್ ನಿಮ್ಮ ಕೊಟ್ಟಿಗೆಗೆ ಸರಿಯಾಗಿದೆ. ಒಂದೇ ತಳಿ, ಒಂದೇ ಗಾತ್ರ, ಹೋಗುವುದು ಮೇವಿನ ಕಡೆಗೆ. ಇವರು ಗೇಟು ಹಾಕಿಸಲೇಬೇಕೆಂದಿದ್ದರೆ ನೇರ ಕಂಬಿಯದ್ದನ್ನೇ ಆರಿಸಲಿ. ಅದರಲ್ಲಿ ಹಸು ಕುಸಿದು ಕುಳಿತರೂ ಒತ್ತು ಕತ್ತಿನ ಎರಡು ಪಕ್ಕಕ್ಕೆ ಬೀಳುತ್ತದೆ. ಬಾಗಿದ ಕಂಬಿ ಬಿಗಿಯಾಗಿ ಹಿಡಿಯುತ್ತದೆ ನಿಜ, ಆದರೆ ಕುಸಿದರೆ ಗಂಟಲಿಗೇ ಒತ್ತು. ಅಷ್ಟಕ್ಕೂ ಒಳಗೇ ಹೋಗದ ಹಸುವಿನ ಕತ್ತನ್ನು ಗೇಟು ಹಿಡಿಯುವುದು ಹೇಗೆ?

ಕೊಪ್ಪ ಕಾಫಿತೋಟ:
ಅಣ್ಣ, ಎಲ್ಲ ಓದಿದೆ. ಒಂದನ್ನು ಯಾರೂ ಕೇಳಲಿಲ್ಲ. ದನ ನಿಲ್ಲುವುದು ಎಲ್ಲಿ? ಟ್ರೆವಿಸ್‌ನ ಬಾಯಲ್ಲೋ, ಅದಕ್ಕೂ ಮೊದಲೋ? ನಾಳೆ ಒಂದನ್ನು ಎಳೆಯದೆ ಸುಮ್ಮನೆ ಹಗ್ಗ ಸಡಿಲ ಬಿಟ್ಟು ನಡೆಸಿಕೊಂಡು ಹೋಗಿ. ಅದು ನಿಂತಾಗ ಮೂತಿ ಎಲ್ಲಿಗೆ ಇಳಿಸುತ್ತದೆ ನೋಡಿ.

ಹಳ್ಳಿಕಾರ್ ಜೋಡಿ:
ಮೂಗುದಾರ ಇದ್ದಿದ್ದರೆ ನಿಲ್ಲುತ್ತಲೇ ಇರಲಿಲ್ಲ ಅಕ್ಕ.

ತೀರ್ಥಹಳ್ಳಿ ಕೊಟ್ಟಿಗೆ:
ಅಕ್ಕ, ನೀವು ಹೇಳಿದಂತೆ ಇಂದು ಬೆಳಿಗ್ಗೆ ದೊಡ್ಡ ಎಚ್‌ಎಫ್ ಅನ್ನು ನಡೆಸಿಕೊಂಡು ಹೋದೆ. ಟ್ರೆವಿಸ್‌ಗೆ ಐದು ಅಡಿ ಇರುವಾಗಲೇ ನಿಂತಿತು. ತಲೆ ತಗ್ಗಿಸಿ, ಚರಂಡಿಯ ಹತ್ತಿರ ಮೂತಿ ಇಟ್ಟು ಬುಸ್ ಎಂದು ಉಸಿರು ಬಿಟ್ಟಿತು. ಎರಡು ಕಿವಿಯೂ ಮುಂದಕ್ಕೆ. ಬಲಗಾಲು ಎತ್ತಿತು, ಗಾಳಿಯಲ್ಲೇ ಸ್ವಲ್ಪ ಹೊತ್ತು ಹಿಡಿಯಿತು, ಮತ್ತೆ ಹಿಂದಕ್ಕೆ ಇಟ್ಟಿತು. ಬಾಕಿಯವನ್ನೂ ಕರೆತಂದೆ. ಆರೂ ಅಲ್ಲೇ ನಿಂತವು.

ಅಲ್ಲಿ ಕೊಟ್ಟಿಗೆಯಿಂದ ಗಂಜಲ ಹರಿದು ಗೊಬ್ಬರಗುಂಡಿಗೆ ಹೋಗುವ ಚರಂಡಿ ಇದೆ. ಅದರ ಮೇಲೆ ಕಬ್ಬಿಣದ ಕಂಬಿಯ ಜಾಲರಿ ಹಾಕಿಸಿದ್ದೇನೆ. ಟ್ರೆವಿಸ್ ಜೊತೆಗೇ ಮಾಡಿಸಿದ್ದು. ಇದನ್ನು ಬರೆಯಬೇಕೆಂದು ಹೊಳೆಯಲೇ ಇಲ್ಲ.

ಕೊಪ್ಪ ಕಾಫಿತೋಟ:
ಅಯ್ಯೋ ಅಣ್ಣ! ನಮ್ಮ ತೋಟದ ಗೇಟಿನಲ್ಲಿ ಜೀಪು ಬರಬೇಕು, ದನ ಬರಬಾರದು ಎಂದು ಹೊಂಡ ತೆಗೆದು ಮೇಲೆ ಕಂಬಿಗಳನ್ನು ಸಾಲಾಗಿ ಹಾಕಿಸಿದ್ದೇವೆ. ಈ ಕಡೆಯ ಎಷ್ಟೋ ತೋಟಗಳಲ್ಲಿ ಅದೇ ಏರ್ಪಾಡು. ಬೇಲಿ ಹಾರುವ ದನವೂ ಅದನ್ನು ದಾಟುವುದಿಲ್ಲ. ನೀವು ಅದನ್ನೇ ಟ್ರೆವಿಸ್‌ನ ಮುಂದೆ ಹಾಕಿ ದನವನ್ನು ಎಳೆಯುತ್ತಿದ್ದೀರಿ. ಕಂಬಿಯ ನಡುವೆ ಕತ್ತಲೆ ಕಂಡರೆ ಅದಕ್ಕೆ ಆಳ ಎಷ್ಟು ಎಂದು ತಿಳಿಯುವುದಿಲ್ಲ. ಕಾಲು ಸಿಕ್ಕಿಕೊಂಡೀತು ಎಂದು ಹೆದರುತ್ತದೆ. ಆ ಹೆದರಿಕೆ ಅದರ ಪ್ರಾಣ ಉಳಿಸುವ ಬುದ್ಧಿ. ಅದಕ್ಕೆ ಹೊಡೆಯಬೇಡಿ.

ವೈಕಾಟೊ ಕನ್ನಡಿಗ:
ಅಕ್ಕ ಹೇಳಿದ್ದು ಸತ್ಯ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ದನಗಳ ದಾರಿಯಲ್ಲಿ ತಾವೇ ಬಗ್ಗಿ, ದನದ ಕಣ್ಣಿನ ಮಟ್ಟದಿಂದ ನೋಡಿ, ಇಂಥ ಅಡ್ಡಿಗಳನ್ನು ಹುಡುಕಿದವರು. ಚರಂಡಿಯ ಜಾಲರಿ, ನೆಲದಲ್ಲಿ ಹೊಳೆಯುವ ನೀರು, ತೂಗುವ ಸರಪಳಿ, ಬಿಸಿಲಿನಿಂದ ಒಮ್ಮೆಲೇ ಕತ್ತಲೆಗೆ ಹೋಗುವ ಬಾಗಿಲು, ಎಲ್ಲವೂ ಆ ಪಟ್ಟಿಯಲ್ಲಿವೆ. ನಿಮ್ಮ ಶೀಟಿನ ಅಡಿ ಕತ್ತಲೆಯಿದ್ದರೆ ಒಂದು ಪಾರದರ್ಶಕ ಶೀಟು ಹಾಕಿಸಿ. ಹಿಂದಿನಿಂದ ತಳ್ಳುವವರನ್ನೂ ದೂರ ನಿಲ್ಲಿಸಿ. ಹಸುವಿನ ಭುಜಕ್ಕಿಂತ ಸ್ವಲ್ಪ ಹಿಂದೆ, ಪಕ್ಕದಲ್ಲಿ ಕಾಣುವಂತೆ ನಡೆದರೆ ಅದು ಮುಂದೆ ಹೋಗುತ್ತದೆ. ಭುಜ ದಾಟಿ ಮುಂದೆ ಬಂದರೆ ಹಿಂದೆ ಸರಿಯುತ್ತದೆ.

ನಿವೃತ್ತ ಪಶುಪರೀಕ್ಷಕ:
ಕೊಪ್ಪದವರಿಗೆ ನನ್ನ ನಮಸ್ಕಾರ. ಮೂವತ್ತು ವರ್ಷ ಕೊಟ್ಟಿಗೆ ಸುತ್ತಿದರೂ ನಾನು ಟ್ರೆವಿಸ್‌ನೊಳಗಿನದನ್ನೇ ಕೇಳಿದೆ, ದಾರಿಯನ್ನು ಕೇಳಲಿಲ್ಲ.

ಹೀಗೆ ಮಾಡಿ. ಜಾಲರಿಯ ಮೇಲೆ ದಪ್ಪ ಹಲಗೆ ಹಾಕಿ, ಮೇಲೆ ಮಣ್ಣು, ಅದರ ಮೇಲೆ ಒಣಹುಲ್ಲು ಹರಡಿ. ಹಲಗೆ ಅಲುಗಾಡಬಾರದು, ಸದ್ದು ಮಾಡಬಾರದು. ಟ್ರೆವಿಸ್‌ನ ನುಣ್ಣನೆಯ ಸಿಮೆಂಟನ್ನು ಉಳಿಯಿಂದ ಗೀರು ಬೀಳುವಂತೆ ಕೆತ್ತಿಸಿ, ಅಥವಾ ರಬ್ಬರ್ ಮ್ಯಾಟ್ ಹಾಕಿ. ಇಂದಿನಿಂದ ಪ್ರತಿದಿನ ಸಂಜೆಯ ಹಿಂಡಿ ಅದರೊಳಗೇ ಸಿಗಲಿ. ಕಂಬಿ ಹಾಕಬೇಡಿ, ತಿಂದು ಹೊರಗೆ ಬರಲಿ. ಒಂದು ವಾರ ಬಿಟ್ಟು ಹಿಂದಿನ ಕಂಬಿ ಹಾಕಿ ತೆಗೆಯಿರಿ. ಮೊದಲ ದಿನ ಅಲ್ಲಿ ಅವಕ್ಕೆ ಸಿಕ್ಕಿದ್ದು ಕಿವಿಗೆ ಚುಚ್ಚು ಮತ್ತು ನೆಲಕ್ಕೆ ಬೀಳುವುದು. ಅದನ್ನು ಮರೆಸಬೇಕು.

ಮದ್ದೂರು ಡೈರಿ:
ಜಾಲರಿ ತೆಗೆದ ಮೇಲೂ ತಲೆ ಒಗೆಯುತ್ತವೆ. ಆಗ ಗೇಟು ಬೇಕೇ ಆಗುತ್ತದೆ.

ನಿವೃತ್ತ ಪಶುಪರೀಕ್ಷಕ:
ತಲೆ, ಮೂತಿ ಸುತ್ತಿ ಹಿಡಿಯುವ ಹಗ್ಗದ ಹಾಲ್ಟರ್ ಸಾಕು, ನೂರೈವತ್ತು ರೂಪಾಯಿಯದ್ದು. ಮುಂದಿನ ಕಂಬಕ್ಕೆ ಕಟ್ಟುವಾಗ ತುದಿ ಎಳೆದರೆ ಒಮ್ಮೆಗೇ ಬಿಚ್ಚುವ ಗಂಟು ಹಾಕಬೇಕು. ಸತ್ತರೂ ಬಿಚ್ಚದ ಗಂಟು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಹಸು ಹಾಗೆಯೇ ಕಣ್ಣೆದುರು ಹೋದದ್ದನ್ನು ನೋಡಿದ್ದೇನೆ, ಕುಡುಗೋಲು ತರುವಷ್ಟರಲ್ಲಿ ಮುಗಿದಿತ್ತು.

ತೀರ್ಥಹಳ್ಳಿ ಕೊಟ್ಟಿಗೆ:
ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ. ಹಲಗೆ, ಮಣ್ಣು, ಹುಲ್ಲು ಹಾಕಿದೆ. ಮೊದಲ ಸಂಜೆ ಯಾವುದೂ ದಾಟಲಿಲ್ಲ. ಮೂರನೇ ಸಂಜೆ ದೊಡ್ಡ ಎಚ್‌ಎಫ್ ತಾನಾಗಿ ಹೋಗಿ ಬಕೆಟ್ಟಿಗೆ ಮೂತಿ ಹಾಕಿತು. ನನ್ನ ಹೆಂಡತಿ ಕೊಟ್ಟಿಗೆಯ ಬಾಗಿಲಿನಿಂದ "ಮಾತಾಡಬೇಡಿ, ಮಾತಾಡಬೇಡಿ" ಎಂದು ಕೈಸನ್ನೆ ಮಾಡುತ್ತಿದ್ದಳು. ದೊಡ್ಡದನ್ನು ನೋಡಿ ಎರಡನೆಯ ಎಚ್‌ಎಫ್ ಕೂಡ ಹೋಯಿತು. ಗಿಡ್ಡಗಳಿಗೆ ದಬ್ಬೆ ಕಟ್ಟಿದ್ದೇನೆ, ಈಗ ತಿರುಗಲು ಬರುವುದಿಲ್ಲ. ಮೂರರಲ್ಲಿ ಎರಡು ಹೋಗುತ್ತಿವೆ, ಮೂರನೆಯದು ಮನಸ್ಸಾದ ದಿನ ಮಾತ್ರ. ಕಂಬಿಗಳನ್ನು ಕತ್ತರಿಸಿ ಪಿನ್ ಹಾಕಿಸಿದೆ, ಸುಳ್ಯದವರು ಹೇಳಿದಂತೆಯೇ. ಜೆರ್ಸಿ ಮಾತ್ರ ಹಲಗೆ ದಾಟಿ ಬಂದು ಟ್ರೆವಿಸ್‌ನ ಸಿಮೆಂಟು ಕಂಡದ್ದೇ ನಿಲ್ಲುತ್ತದೆ. ಮ್ಯಾಟ್ ಹಾಕಿದರೂ ಅಷ್ಟೇ.

ನಿವೃತ್ತ ಪಶುಪರೀಕ್ಷಕ:
ಬಿದ್ದದ್ದು ಅದೇ ಅಲ್ಲವೇ. ಅದಕ್ಕೆ ಇನ್ನೂ ಸಮಯ ಕೊಡಿ. ಈ ಸಲದ ಲಸಿಕೆಗೆ ಅದನ್ನು ಗೋದಲಿಯಲ್ಲೇ ಗೋಡೆಗೆ ಒತ್ತಿ ನಿಲ್ಲಿಸಿ, ಒಬ್ಬರು ಬಾಲದ ಬುಡವನ್ನು ನೇರವಾಗಿ ಮೇಲಕ್ಕೆ ಎತ್ತಿ ಹಿಡಿಯಲಿ. ಬುಡ ಎತ್ತಿದ್ದರೆ ಒದೆಯುವುದು ಕಷ್ಟ. ತುದಿ ಹಿಡಿದು ತಿರುಚಬಾರದು, ಬಾಲ ಮುರಿಯುತ್ತದೆ. ಗಬ್ಬವೇ?

ತೀರ್ಥಹಳ್ಳಿ ಕೊಟ್ಟಿಗೆ:
ಏಳು ತಿಂಗಳ ಗಬ್ಬ.

ನಿವೃತ್ತ ಪಶುಪರೀಕ್ಷಕ:
ಹಾಗಾದರೆ ಹಗ್ಗ ಹಾಕಿ ಕೆಡವುವ ಯೋಚನೆಯನ್ನು ಯಾರು ಹೇಳಿದರೂ ಒಪ್ಪಬೇಡಿ. ಗಬ್ಬದ ವಿಷಯವನ್ನು ಲಸಿಕೆಗೆ ಬರುವವರಿಗೂ ಮೊದಲೇ ತಿಳಿಸಿ.

ಹಳ್ಳಿಕಾರ್ ಜೋಡಿ:
ಜಾಲರಿಯ ವಿಷಯ ನನಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆದರೆ ಎತ್ತು ಕಟ್ಟುವವರು ಯಾರಾದರೂ ಇದನ್ನು ಓದಿದರೆ ಮೂಗುದಾರ ಬಿಡಬೇಡಿ.

ತೀರ್ಥಹಳ್ಳಿ ಕೊಟ್ಟಿಗೆ:
ಇಂದು ಲಸಿಕೆ ಆಯಿತು. ಐದು ಟ್ರೆವಿಸ್‌ನಲ್ಲಿ, ಜೆರ್ಸಿ ಗೋದಲಿಯಲ್ಲಿ. ಯಾರಿಗೂ ಒದೆ ಬೀಳಲಿಲ್ಲ. ಲಸಿಕೆ ಹಾಕಿದವರು ಕಾಫಿ ಕುಡಿದು ಹೋದರು. ಕತ್ತಿನ ಗೇಟು ತರಿಸುತ್ತಿಲ್ಲ. ಜಾಲರಿಯ ಜಾಗಕ್ಕೆ ಕಲ್ಲುಚಪ್ಪಡಿ ಹಾಕಿಸಬೇಕೆಂದಿದ್ದೇನೆ, ಟ್ರ್ಯಾಕ್ಟರ್ ಹೋದರೂ ತಡೆಯಲು ಎಷ್ಟು ದಪ್ಪ ಬೇಕು?

ಚನ್ನಗಿರಿ ಎಮ್ಮೆ:
ಚಪ್ಪಡಿ ಬಗ್ಗೆ ಗೊತ್ತಿಲ್ಲ. ನನ್ನದು ನಾಲ್ಕು ಮುರ್ರಾ ಎಮ್ಮೆ. ಎರಡೂಕಾಲು ಅಡಿ ಅಗಲ ಎಮ್ಮೆಯ ಹೊಟ್ಟೆಗೆ ಸಾಕಾಗುತ್ತದೆಯೇ, ಯಾರಾದರೂ ಅಳೆದಿದ್ದರೆ ಹೇಳಿ.