ಹಾರ್ಲೆ ಬಿಟ್ಟ ಏಜೆನ್ಸಿಯೋ, ಏಜೆನ್ಸಿ ಬಿಟ್ಟ ಹಾರ್ಲೆಯೋ

ಹರಟೆಗೆ ಕೂತವರು ನಾಲ್ವರು. ಸೀನ ಜಾಹೀರಾತಿನ ಸಾಲು ಬರೆಯುವವನು. ವಾಣಿ ಕರಾರುಪತ್ರದ ಸಣ್ಣಕ್ಷರ ಓದುವವಳು. ಮಲ್ಲಿಯದು ಟಿವಿ ಸಮಯ, ಪತ್ರಿಕೆ ಪುಟ ಕೊಳ್ಳುವ ಕೆಲಸ. ಗುಂಡಣ್ಣನಿಗೆ ಜಾಹೀರಾತೆಂದರೆ ಅಲರ್ಜಿ, ಎಂಜಿನ್ನೆಂದರೆ ಪ್ರಾಣ. ಇವತ್ತು ಬಾಯಿಗೆ ಸಿಕ್ಕ ವಿಷಯ: ಅಮೆರಿಕದ ಮಿಲ್ವಾಕಿಯ ಹಾರ್ಲೆ-ಡೇವಿಡ್‌ಸನ್ ಬೈಕ್ ಕಂಪನಿ ಮತ್ತು ಮಿನಿಯಾಪೊಲಿಸ್‌ನ ಕಾರ್ಮೈಕಲ್ ಲಿಂಚ್ ಜಾಹೀರಾತು ಏಜೆನ್ಸಿ 2010ರಲ್ಲಿ ಬೇರೆಯಾದದ್ದು.

ಸೀನ: 31 ವರ್ಷ ಕಣ್ರೋ! 1979ರಿಂದ ಒಂದೇ ಏಜೆನ್ಸಿ. ಈ ಲೋಕದಲ್ಲಿ ಒಬ್ಬ ಕ್ಲೈಂಟ್ ಮೂರು ವರ್ಷ ಉಳಿದರೇ ದೃಷ್ಟಿ ತೆಗೀಬೇಕು.

ಗುಂಡಣ್ಣ: ಅಂದ್ರೆ ವಯಸ್ಸಾದ ಮೇಲೆ ಡೈವೋರ್ಸು...

ವಾಣಿ: ಆ ಮಾತು ಎತ್ತಿದವರಿಗೆ ದಂಡ. ಕ್ಲೈಂಟು ಏಜೆನ್ಸಿ ಅಂದ ತಕ್ಷಣ ಎಲ್ಲರೂ ಮಂಟಪ ಕಟ್ಟೋಕೆ ಶುರುಮಾಡ್ತಾರೆ. ಯಾವ ಮದುವೆಯಲ್ಲಿ 90 ದಿನದ ನೋಟಿಸ್ ಇದೆ ಹೇಳು? ಯಾವ ಮದುವೆಯಲ್ಲಿ ಗಂಟೆ ಲೆಕ್ಕದಲ್ಲಿ ಬಿಲ್ ಕಳಿಸ್ತಾರೆ?

ಗುಂಡಣ್ಣ: ಸರಿ ತಾಯಿ. ಯಾರು ಯಾರನ್ನ ಬಿಟ್ಟರು ಅದನ್ನಾದರೂ ಹೇಳು.

ಮಲ್ಲಿ: ಪತ್ರಿಕಾ ಹೇಳಿಕೆ ನಂಬಿ ಅದನ್ನ ಹೇಳೋಕಾಗಲ್ಲ. ಅವೆಲ್ಲ ಅಡ್ಡಗೋಡೆ ಮೇಲೆ ಇಟ್ಟ ದೀಪ. 'ಪರಸ್ಪರ ಒಪ್ಪಿಗೆಯಿಂದ' ಅಂತಿದ್ದರೆ ಇಬ್ಬರಲ್ಲಿ ಒಬ್ಬರು ಖಂಡಿತ ಒಪ್ಪಿರಲಿಲ್ಲ. 'ಏಜೆನ್ಸಿ ರಾಜೀನಾಮೆ ಕೊಟ್ಟಿತು' ಅಂತಿದ್ದರೆ ತಾರೀಖು ನೋಡಬೇಕು. ಕ್ಲೈಂಟು ರಿವ್ಯೂ ಕರೆಯೋ ಹೊತ್ತಿಗೆ ಸರಿಯಾಗಿ ಈ ರಾಜೀನಾಮೆಗಳು ಉದುರುತ್ತವೆ. ರಿವ್ಯೂ ಅಂದ್ರೆ ಹಳಬರೂ ಹೊಸಬರ ಜತೆ ಸಾಲಲ್ಲಿ ನಿಂತು ಮತ್ತೆ ಪಿಚ್ ಮಾಡಬೇಕು, ಐಡಿಯಾ ತೋರಿಸಿ ಕೆಲಸ ಕೇಳಬೇಕು. ಹಳಬರು ಗೆಲ್ಲೋದು ಅಪರೂಪ, ಖರ್ಚು ಮಾತ್ರ ಪೂರ್ತಿ ಅವರದೇ. ತಿಂಗಳುಗಟ್ಟಲೆ ಒಳ್ಳೊಳ್ಳೆ ಜನರನ್ನ ಬಿಟ್ಟಿ ಕೆಲಸಕ್ಕೆ ಕೂರಿಸಬೇಕು. ಅದಕ್ಕಿಂತ ಮೊದಲೇ ಕೈಮುಗಿದರೆ ದುಡ್ಡೂ ಉಳೀತು, ಮಾನವೂ ಉಳೀತು.

ಸೀನ: ಬಿಟ್ಟವರು ಯಾರಾದರೂ ಆಗಲಿ, ಆ ಹೊತ್ತಿಗೆ ಮಿಲ್ವಾಕಿಯ ಲೆಕ್ಕದ ಪುಸ್ತಕ ನೋಡಿದ್ರೆ ಸಾಕು. 2006ರಲ್ಲಿ ಕಾರ್ಖಾನೆಯಿಂದ ಹೊರಟ ಹಾರ್ಲೆಗಳು ಸುಮಾರು 3 ಲಕ್ಷ 49 ಸಾವಿರ. 2008ರಲ್ಲಿ 3 ಲಕ್ಷ 3 ಸಾವಿರ. 2009ರಲ್ಲಿ 2 ಲಕ್ಷ 23 ಸಾವಿರ, ಆ ವರ್ಷ ಸುಮಾರು 5.5 ಕೋಟಿ ಡಾಲರ್ ನಷ್ಟ ಬೇರೆ. ತಮ್ಮದೇ ಬ್ಯೂಲ್ ಬೈಕ್ ಬ್ರ್ಯಾಂಡ್ ಮುಚ್ಚಿದರು, 2008ರಲ್ಲಿ ಕೊಂಡಿದ್ದ ಇಟಲಿಯ ಬೈಕ್ ಕಂಪನಿ ಎಂವಿ ಅಗಸ್ಟಾವನ್ನ ಎರಡೇ ವರ್ಷದಲ್ಲಿ ಕೈಬಿಟ್ಟರು. ಮನೆಗೆ ಬೆಂಕಿ ಬಿದ್ದಾಗ ಮೊದಲು ಬದಲಾಗೋದು ಹೊರಗಿನ ಗೋಡೆಯ ಬಣ್ಣ, ಅಂದ್ರೆ ನಾವು.

ಮಲ್ಲಿ: 2008ರಲ್ಲೇ ತಾನೇ 'ನಮ್ಮಲ್ಲಿ ಭಯ ಅನ್ನೋದು ನಡೆಯಲ್ಲ, ಹಾಳಾಗಿ ಹೋಗಲಿ, ಗಾಡಿ ಹತ್ತೋಣ' ಅನ್ನೋ ಧಾಟಿಯ ಜಾಹೀರಾತು ಬಂದಿದ್ದು?

ಸೀನ: ಅದೇ. ಬರಹ ಮಾತ್ರ ಫಸ್ಟ್ ಕ್ಲಾಸ್! ನೋಡಿದವರ ಮೈ ಜುಮ್ ಅಂತಿತ್ತು. ಆದರೆ ಸಾಲ ಕೊಡೋ ಬ್ಯಾಂಕಿಗೆ ಭಯ ಆದರೆ ಕೊಳ್ಳೋನಿಗೆ ಧೈರ್ಯ ಇದ್ದು ಏನು ಪ್ರಯೋಜನ? ಅಷ್ಟು ದುಬಾರಿ ಗಾಡಿಯನ್ನ ಬಹಳ ಜನ ಕೊಳ್ಳೋದು ಕಂತಿನಲ್ಲಿ. ಕಂತೇ ಹುಟ್ಟದಿದ್ದರೆ ಕಾಪಿರೈಟರ್ ಏನು ಮಾಡ್ತಾನೆ?

ಗುಂಡಣ್ಣ: ನಿಜ ಹೇಳಲಾ? ಈ ಏಜೆನ್ಸಿ ಮಾಡಿದ ದೊಡ್ಡ ಕೆಲಸ 2008ರದ್ದಲ್ಲ, ಮೊದಲ ವರ್ಷಗಳದ್ದು. 1979ರಲ್ಲಿ ಹಾರ್ಲೆ ಯಾರ ಕೈಲಿತ್ತು? ಎಎಂಎಫ್ ಕೈಲಿ. ಬೋಲಿಂಗ್ ಸಾಮಾನು ಮಾಡೋ ಕಂಪನಿ, 1969ರಲ್ಲಿ ಕೊಂಡಿತ್ತು. ಎಣ್ಣೆ ಸೋರಿಕೆ, ಅಲುಗಾಟ, ಎಲ್ಲಾ ಆ ಕಾಲದ ಖ್ಯಾತಿ. 1981ರಲ್ಲಿ 13 ಮಂದಿ ಅಧಿಕಾರಿಗಳು ಸಾಲ ಮಾಡಿ ಕಂಪನಿಯನ್ನ ವಾಪಸ್ ಕೊಂಡರು. 1984ಕ್ಕೆ ಇವಲ್ಯೂಷನ್ ಎಂಜಿನ್ ಬಂತು, ಅಲ್ಯೂಮಿನಿಯಂ ಸಿಲಿಂಡರು, ಅಲ್ಯೂಮಿನಿಯಂ ಹೆಡ್ಡು. ಅದು ಬಂದ ಮೇಲೆ ಸೋರೋದು ನಿಂತಿತು.

ಸೀನ: ಸೋರೋದು ನಿಂತಿತು, ಸೋರುತ್ತೆ ಅನ್ನೋ ಮಾತು ನಿಲ್ಲಲಿಲ್ಲವಲ್ಲ. ಅದಕ್ಕೇ ಆ ಪತ್ರಿಕೆ ಜಾಹೀರಾತು. ಗಡ್ಡ, ಚರ್ಮದ ಜಾಕೆಟ್ಟು, ನೋಡಿದರೆ ಎದೆ ಝಲ್ಲೆನ್ನೋ ಆಳುಗಳ ಒಂದು ಗುಂಪು ನಿಂತಿದೆ. ಮೇಲಿನ ಸಾಲಿನ ಅರ್ಥ ಇಷ್ಟು: ಇಂಥವರಿಗೆ ಕೈಕೊಡೋ ಬೈಕ್ ಮಾರೋ ಧೈರ್ಯ ನಿಮಗಿದೆಯಾ? ಗ್ಯಾಸ್ಕೆಟ್ ಬದಲಾಯ್ತು, ಸೀಲ್ ಬದಲಾಯ್ತು ಅಂತ ಒಂದು ಮಾತಿಲ್ಲ. ಹಳೇ ಕೆಟ್ಟ ಹೆಸರನ್ನ ನೇರ ಎತ್ತಿಕೊಂಡು ಅದನ್ನೇ ತಮಾಷೆ ಮಾಡಿ ಮುಗಿಸಿಬಿಟ್ಟರು. ತಾಂತ್ರಿಕ ವಿವರ ಹಾಕಿದ್ದರೆ ಓದುಗ 'ಓಹೋ, ಹಾಗಾದ್ರೆ ಮುಂಚೆ ಸೋರ್ತಿತ್ತು' ಅಂತ ಅಲ್ಲೇ ಸಿಕ್ಕಿಹಾಕಿಕೊಳ್ತಿದ್ದ.

ಗುಂಡಣ್ಣ: ಇದೊಂದಕ್ಕೆ ನನ್ನ ಅಲರ್ಜಿ ಮಾಫಿ.

ಮಲ್ಲಿ: ಇನ್ನು ದುಡ್ಡಿನ ಮಾತು. ಹಳೇ ಕಾಲದಲ್ಲಿ ಏಜೆನ್ಸಿಗೆ ಶೇ 15 ಕಮಿಷನ್. ಪತ್ರಿಕೆಯ ಪುಟಕ್ಕೆ 100 ಡಾಲರ್ ಅಂದ್ರೆ ಕ್ಲೈಂಟ್ 100 ಕೊಡ್ತಾನೆ, ಪತ್ರಿಕೆಗೆ 85 ಹೋಗುತ್ತೆ, 15 ಏಜೆನ್ಸಿಗೆ. ಪ್ರಿಂಟಿಂಗು, ಶೂಟಿಂಗಿನಂಥ ಹೊರಗಿನ ಬಿಲ್ಲಿಗೆ ಶೇ 17.65 ಸೇರಿಸೋರು. ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಹೊಸಬರು ತಲೆ ಕೆರಕೋತಾರೆ. 85ರ ಮೇಲೆ 15 ಎಷ್ಟು ಶೇಕಡಾ? ಅದೇ 17.65. ಎರಡೂ ಒಂದೇ ಲೆಕ್ಕ, ಬಾಗಿಲು ಬೇರೆ.

ಗುಂಡಣ್ಣ: ಅಂದ್ರೆ ಕ್ಲೈಂಟ್ ಜಾಸ್ತಿ ಖರ್ಚು ಮಾಡಿದಷ್ಟೂ ಏಜೆನ್ಸಿಗೆ ಖುಷಿ! ವೈದ್ಯನಿಗೆ ಮಾತ್ರೆ ಲೆಕ್ಕದಲ್ಲಿ ಸಂಬಳ ಕೊಟ್ಟ ಹಾಗೆ.

ಮಲ್ಲಿ: ಅದಕ್ಕೇ ಆ ಪದ್ಧತಿ ಹೋಯ್ತು. ಈಗ ಫೀಸು. ಕೆಲಸ ಮಾಡೋರ ಸಂಬಳ, ಅದರ ಮೇಲೆ ಆಫೀಸಿನ ಮೇಲುಖರ್ಚು, ಅದರ ಮೇಲೆ ಲಾಭ. ಸಂಬಳ 100 ಡಾಲರ್, ಮೇಲುಖರ್ಚೂ ಅಷ್ಟೇ ಅಂತ ಇಟ್ಕೋ, ಲಾಭ ಶೇ 15. ಬಿಲ್ಲು 230. ಮಾರಾಟ ಬಿದ್ದ ದಿನ ಕ್ಲೈಂಟಿನ ಖರೀದಿ ವಿಭಾಗದವರು ಕಣ್ಣು ಹಾಕೋದು ಆ ನಡುವಿನ ನೂರರ ಮೇಲೆ. 'ನಿಮ್ಮ ಮೇಲುಖರ್ಚಿಗೆ ನಾವ್ಯಾಕೆ ಕೊಡಬೇಕು?' ಒಂದೇ ದೊಡ್ಡ ಏಜೆನ್ಸಿ ಬೇಡ, ಕೆಲಸಕ್ಕೊಬ್ಬರನ್ನ ಇಟ್ಕೊಳ್ಳೋಣ ಅನ್ನೋ ಯೋಚನೆ ಶುರುವಾಗೋದೇ ಅಲ್ಲಿ.

ವಾಣಿ: ಅದರಲ್ಲಿ ಉಳಿತಾಯ ಇದೆ ಅನ್ನೋದು ಅರ್ಧ ಸುಳ್ಳು. ಐದು ಏಜೆನ್ಸಿ ಇಟ್ಟರೆ ಐದೂ ಕಡೆ ಮೇಲುಖರ್ಚು. ಎತ್ತು ಏರಿಗೆ, ಕೋಣ ನೀರಿಗೆ. ಅವರನ್ನ ಒಂದೇ ದಾರಿಗೆ ತರೋಕೆ ಕ್ಲೈಂಟೇ ಜನ ಇಟ್ಕೋಬೇಕು, ಆ ಸಂಬಳ ಮಾತ್ರ ಏಜೆನ್ಸಿ ಲೆಕ್ಕದಲ್ಲಿ ಕಾಣಲ್ಲ. ಅದಿರಲಿ, ಬೇರೆಯಾಗೋದರಲ್ಲಿ ಬೆವರು ಇಳಿಯೋ ಭಾಗ ಇನ್ನೂ ಬಂದಿಲ್ಲ. ಹಸ್ತಾಂತರ.

ಸೀನ: ಹಾರ್ಡ್ ಡಿಸ್ಕ್ ಕೊಟ್ಟು ಕೈತೊಳಕೊಂಡರೆ ಆಯ್ತಪ್ಪ.

ವಾಣಿ: ಅದೇ ಅನಾಹುತ! ಡಿಸ್ಕ್ ಸಿಗುತ್ತೆ, ಹಕ್ಕು ಸಿಗಲ್ಲ. ಒಂದೇ ಒಂದು 30 ಸೆಕೆಂಡಿನ ಟಿವಿ ಜಾಹೀರಾತು ತಗೋ. ಕೊನೆಯ ಮಾಸ್ಟರ್ ಒಂದೇ ಇಸ್ಕೊಂಡರೆ ಹೊಸ ಏಜೆನ್ಸಿ ಪರದೆ ಮುಂದೆ ತಲೆ ಚಚ್ಚಿಕೊಳ್ಳುತ್ತೆ. ಅಕ್ಷರ ಇಲ್ಲದ ಪ್ರತಿ ಬೇಕು, ಇಲ್ಲದಿದ್ದರೆ ಡೀಲರ್ ಹೆಸರು ಹಾಕೋವಾಗ ಹಳೇ ಅಕ್ಷರದ ಮೇಲೆ ಕಪ್ಪು ಪಟ್ಟಿ ಅಂಟಿಸಬೇಕು. ಧ್ವನಿಯಲ್ಲಿ ಮಾತು, ಸಂಗೀತ, ಎಂಜಿನ್ ಸದ್ದು ಮೂರೂ ಬೇರೆ ಬೇರೆ ಟ್ರ್ಯಾಕಲ್ಲಿ ಬೇಕು. ಮೂರೂ ಬೆರೆತು ಬಂದರೆ, ಸಂಗೀತದ ಲೈಸೆನ್ಸ್ ಮುಗಿದ ದಿನ ಸಂಗೀತ ಕೀಳೋಕೆ ಹೋಗಿ ಎಂಜಿನ್ ಸದ್ದೂ ಕಿತ್ತು ಬರುತ್ತೆ. ಜತೆಗೆ ಎಡಿಟಿಂಗ್ ಪ್ರಾಜೆಕ್ಟ್ ಫೈಲು, ಕ್ಯಾಮೆರಾದ ಮೂಲ ಫುಟೇಜು.

ಗುಂಡಣ್ಣ: ಹಾರ್ಲೆ ಜಾಹೀರಾತಲ್ಲಿ ಎಂಜಿನ್ ಸದ್ದು ಹೋದರೆ ಉಳಿಯೋದೇನು? 45 ಡಿಗ್ರಿ ವಿ-ಟ್ವಿನ್, ಅಂದ್ರೆ ವಿ ಆಕಾರದಲ್ಲಿ ಎರಡು ಸಿಲಿಂಡರು, ಎರಡೂ ಪಿಸ್ಟನ್ ಒಂದೇ ಕ್ರ್ಯಾಂಕ್‌ಪಿನ್ ಮೇಲೆ. ಒಂದು ಸಿಡಿತ ಆಗಿ ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಇನ್ನೊಂದು, ಆಮೇಲೆ 405 ಡಿಗ್ರಿ ಕಾಯಬೇಕು. ಆ ಕುಂಟು ತಾಳವೇ ಅದರ ಗುರುತು. 1994ರಲ್ಲಿ ಆ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸೋಕೆ ಅರ್ಜಿ ಹಾಕಿದ್ದರು. ಎದುರಾಳಿ ಕಂಪನಿಗಳು ತಕರಾರು ಎತ್ತಿ ವರ್ಷಗಟ್ಟಲೆ ಎಳೆದಾಡಿ, 2000ದಲ್ಲಿ ಅರ್ಜಿ ವಾಪಸ್.

ವಾಣಿ: ಹಾಗಾಗಿ ಸದ್ದಿನ ತಂಟೆ ಇಲ್ಲ. ಮುಖದ ತಂಟೆ ಇದೆ. ಅಮೆರಿಕದ ನಟರ ಸಂಘದ ಜಾಹೀರಾತು ಕರಾರಿನಲ್ಲಿ ಸಂಭಾವನೆ 13 ವಾರಗಳ ಸುತ್ತಿನ ಲೆಕ್ಕ. ಒಂದು ಜಾಹೀರಾತನ್ನ ಹೆಚ್ಚೆಂದರೆ 21 ತಿಂಗಳು ಓಡಿಸಬಹುದು, ಆಮೇಲೆ ನಟರ ಜತೆ ಹೊಸದಾಗಿ ಮಾತಾಡಬೇಕು. ಫೋಟೋಗ್ರಾಫರ್ ಕೊಟ್ಟಿರೋದು 'ಉತ್ತರ ಅಮೆರಿಕ, ಮುದ್ರಣ ಮಾತ್ರ, ಎರಡು ವರ್ಷ' ಅನ್ನೋ ಥರದ ಲೈಸೆನ್ಸು. ಈ ತಾರೀಖೆಲ್ಲ ಹಳೇ ಏಜೆನ್ಸಿಯ ಯಾವುದೋ ಒಂದು ಶೀಟಲ್ಲಿರುತ್ತೆ. ಆ ಶೀಟ್ ನೋಡ್ಕೋತಿದ್ದವನಿಗೆ ಅಕೌಂಟ್, ಅಂದ್ರೆ ಆ ಕ್ಲೈಂಟು, ಕೈಬಿಟ್ಟ ವಾರವೇ ಕೆಲಸ ಹೋಗಿರುತ್ತೆ. ಅತ್ತ ಯಾವುದೋ ಊರಿನ ಡೀಲರ್ ಹಳೇ ಬ್ಯಾನರನ್ನ ಆರಾಮಾಗಿ ಓಡಿಸ್ತಾ ಇರ್ತಾನೆ. ವಕೀಲರ ಕಾಗದ ಅವನಿಗೆ ಬರಲ್ಲ, ಬ್ರ್ಯಾಂಡಿಗೆ ಬರುತ್ತೆ.

ಸೀನ: ಪರಿಹಾರ?

ವಾಣಿ: 90 ದಿನದ ನೋಟಿಸಿನ ಮೊದಲ ವಾರವೇ ಆ ಶೀಟ್ ಕೇಳಿ ತಗೋಬೇಕು, ಫೈಲುಗಳಿಗಿಂತ ಮೊದಲು. ಪ್ರತಿ ಸಾಲಿಗೆ ನಾಲ್ಕು ಕಾಲಂ: ಯಾರದ್ದು, ಎಲ್ಲಿ ಬಳಸಬಹುದು, ಎಂದಿಗೆ ಮುಗಿಯುತ್ತೆ, ಈಗ ಯಾರ ಹತ್ತಿರ ಓಡ್ತಿದೆ. ಆ ನಾಲ್ಕನೇದನ್ನ ಎಲ್ಲರೂ ಮರೀತಾರೆ, ಡೀಲರ್ ಅಡಗಿರೋದೇ ಅಲ್ಲಿ. ಇನ್ನೊಂದು, ಫಾಂಟು. ಲೈಸೆನ್ಸ್ ಇರೋದು ಏಜೆನ್ಸಿಯ ಕಂಪ್ಯೂಟರುಗಳಿಗೆ. ಲೇಔಟ್ ಜತೆ ಫಾಂಟ್ ಫೈಲನ್ನೂ ಸೇರಿಸಿ ಕಳಿಸಿದರೆ, ಉಪಕಾರ ಮಾಡಿದೆ ಅಂದುಕೊಂಡು ಕರಾರು ಮುರಿದ ಹಾಗೆ.

ಮಲ್ಲಿ: ಟಿವಿ ಸಮಯದ್ದೂ ಅದೇ ಗೋಳು. ಮುಂಗಡ ಬುಕ್ ಮಾಡಿದ್ದರಲ್ಲಿ ರದ್ದು ಮಾಡೋಕಾಗದ ಭಾಗ ಇರುತ್ತೆ. ಕ್ಲೈಂಟ್ ದುಡ್ಡು ಕೊಟ್ಟ ಮೇಲಷ್ಟೇ ಚಾನೆಲ್ಲಿಗೆ ನಾವು ಹೊಣೆ ಅಂತ ಏಜೆನ್ಸಿ ಹೇಳುತ್ತೆ. ಆ ಷರತ್ತು ಆರ್ಡರ್ ಕಾಗದದಲ್ಲಿ ಇಲ್ಲದಿದ್ದರೆ ಕ್ಲೈಂಟೂ ಹೋಯ್ತು, ಬಿಲ್ಲೂ ಕೊರಳಿಗೆ ಬಿತ್ತು.

ಗುಂಡಣ್ಣ: ಬಳಸದೇ ಬಿಟ್ಟ ಐಡಿಯಾಗಳು? ಅವು ಯಾರ ಪಾಲು?

ವಾಣಿ: ಕರಾರಿನಲ್ಲಿ ಬರೆದ ಹಾಗೆ. ಸಾಮಾನ್ಯವಾಗಿ ಒಪ್ಪಿ ದುಡ್ಡು ಕೊಟ್ಟದ್ದು ಕ್ಲೈಂಟಿಗೆ, ತಿರಸ್ಕರಿಸಿದ್ದು ಏಜೆನ್ಸಿಗೆ. ಆದರೆ ಹಾರ್ಲೆ ಮುಂದೆ ಹಿಡಿದ ದಾರಿಯಲ್ಲಿ ಈ ಪ್ರಶ್ನೆಗೇ ಕೊಂಬು ಬಂತು. 2010ರಲ್ಲೇ ಕೊಲೊರಾಡೊದ ಬೋಲ್ಡರ್‌ನಲ್ಲಿದ್ದ ವಿಕ್ಟರ್ಸ್ ಅಂಡ್ ಸ್ಪಾಯ್ಲ್ಸ್ ಕೈಗೆ ಸೃಜನಶೀಲ ಕೆಲಸ ಕೊಟ್ಟರು. ಹುಟ್ಟಿ ಒಂದು ವರ್ಷವಾಗಿದ್ದ ಕಂಪನಿ. ಅದರ ಬಂಡವಾಳವೇ ಜನಜಂಗುಳಿ. ಬ್ರೀಫನ್ನ, ಅಂದ್ರೆ ಕ್ಲೈಂಟಿಗೆ ಏನು ಬೇಕು ಅನ್ನೋ ಕಾಗದವನ್ನ, ಹೊರಗಿನವರ ಮುಂದೆ ಹರಡಿ, ಬಂದ ಐಡಿಯಾಗಳಲ್ಲಿ ಹೆಕ್ಕೋದು.

ಸೀನ: ಇದನ್ನ ಒಪ್ಪಿದ ಹಾರ್ಲೆಯ ಆಗಿನ ಮಾರ್ಕೆಟಿಂಗ್ ಮುಖ್ಯಸ್ಥ ಮಾರ್ಕ್-ಹ್ಯಾನ್ಸ್ ರಿಚರ್, ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ಕಾರು ವಿಭಾಗದಿಂದ ಬಂದವರು. 2004ರಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಕೈಲಿ ಪ್ರೇಕ್ಷಕರಿಗೆಲ್ಲ ಒಂದೊಂದು ಕಾರು ಹಂಚಿಸಿದ್ದು ಅದೇ ಪಾಂಟಿಯಾಕ್, ಒಟ್ಟು 276. ಅಷ್ಟು ಜನಕ್ಕೆ ಕಾರು ಹಂಚಿದವರಿಗೆ ಒಂದು ಬ್ರೀಫ್ ಹಂಚೋದು ಯಾವ ಲೆಕ್ಕ?

ವಾಣಿ: ಹಂಚೋದು ಸುಲಭ, ವಾಪಸ್ ಕಟ್ಟಿಕೊಳ್ಳೋದು ಕಷ್ಟ. ನೌಕರ ಬರೆದದ್ದು ತಾನಾಗಿಯೇ ಕಂಪನಿಯದು. ಹೊರಗಿನವನು ಬರೆದದ್ದು ಹಾಗಲ್ಲ. ಅಮೆರಿಕದ ಕಾಪಿರೈಟ್ ಕಾನೂನಲ್ಲಿ, ಹೊರಗಿನವರಿಂದ ಮಾಡಿಸಿದ್ದು ಮಾಡಿಸಿದವನದೇ ಆಗೋಕೆ ಒಂಬತ್ತೇ ವರ್ಗ, ಅದಕ್ಕೂ ಸಹಿ ಹಾಕಿದ ಕಾಗದ ಬೇಕು. ವಿಡಿಯೋ ಆ ಪಟ್ಟಿಯಲ್ಲಿದೆ, ಬಿಡಿ ಫೋಟೋ ಇಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಲಿಖಿತ ಹಕ್ಕು ವರ್ಗಾವಣೆ ಬೇಕು. ಹಾಗೆ ವರ್ಗಾಯಿಸಿದ್ದನ್ನೂ 35 ವರ್ಷದ ಮೇಲೆ ಬರೆದವನು ವಾಪಸ್ ಕೇಳಬಹುದು. ಬರೀ ಘೋಷಣೆ, ನಾಲ್ಕು ಪದದ ಸಾಲು, ಅದಕ್ಕಂತೂ ಕಾಪಿರೈಟೇ ಇಲ್ಲ. ಟ್ರೇಡ್‌ಮಾರ್ಕ್ ಆದರಷ್ಟೇ ರಕ್ಷಣೆ.

ಸೀನ: ನನ್ನ ಇಡೀ ಕಸುಬಿಗೆ ಕಾಪಿರೈಟ್ ಇಲ್ಲ ಅನ್ನೋದನ್ನ ಇಷ್ಟು ಸಂತೋಷವಾಗಿ ಹೇಳಬೇಕಾ?

ಗುಂಡಣ್ಣ: ಜನಜಂಗುಳಿಯಿಂದ ಬಂದದ್ದೇನಪ್ಪ ಕೊನೆಗೆ?

ಸೀನ: 2011ರ 'ನೋ ಕೇಜಸ್' ಜಾಹೀರಾತು, ಅಂದ್ರೆ 'ಪಂಜರ ಬೇಡ'. ಕೆಂಟಕಿಯ ಒಬ್ಬ ಹಾರ್ಲೆ ಅಭಿಮಾನಿಯ ಐಡಿಯಾ. ಊರ ಜನರೆಲ್ಲ ಪಂಜರದೊಳಗೇ ಓಡಾಡ್ತಾರೆ, ಹಾರ್ಲೆ ಹತ್ತಿದವನಿಗೆ ಮಾತ್ರ ಬಿಡುಗಡೆ. ಅಲ್ಲಿನ ಬೈಕಿನವರ ಭಾಷೆಯಲ್ಲಿ ಕಾರಿಗೆ ಅಡ್ಡಹೆಸರೇ ಪಂಜರ. ಬೈಕ್ ಓಡಿಸೋನಿಗಷ್ಟೇ ಹೊಳೆಯೋ ಮಾತದು, ನಮ್ಮಂಥವರು ಹತ್ತು ಮೀಟಿಂಗ್ ಮಾಡಿದರೂ ಹುಟ್ಟಲ್ಲ. ಆದರೆ 31 ವರ್ಷ ಆ ಅಭಿಮಾನಿಗೆ ಹಾರ್ಲೆ ಅಂದ್ರೆ ಏನು ಅಂತ ಕಿವಿಯಲ್ಲಿ ಊದಿದವರಾರು? ಜಂಗುಳಿ ಪುಕ್ಕಟೆ ಬರಲ್ಲ, ಯಾರೋ ಮೊದಲೇ ದುಡ್ಡು ಕೊಟ್ಟು ಬೆಳೆಸಿರ್ತಾರೆ.

ಮಲ್ಲಿ: ಪಂಜರ ಅಂದಾಗ ನೆನಪಾಯ್ತು. ಕಾರ್ಮೈಕಲ್ ಲಿಂಚ್ 2007ರಲ್ಲೇ ಇನ್ನೊಂದು ದೊಡ್ಡ ಅಕೌಂಟ್ ಹಿಡಿದಿತ್ತು. ಸುಬಾರು.

ಗುಂಡಣ್ಣ: ಸುಬಾರು ಅಂದ್ರೆ ಕಾರು!

ಮಲ್ಲಿ: ಅಪ್ಪಟ ನಾಲ್ಕು ಚಕ್ರದ ಪಂಜರ. ಅದಕ್ಕೆ ಇವರು 'ಲವ್' ಅಂತ ಹೆಸರಿಟ್ಟು, ನಾಯಿ, ಮಕ್ಕಳು ಎಲ್ಲರನ್ನೂ ಒಳಗೆ ಕೂರಿಸಿದರು. ಹಾರ್ಲೆ ಪಂಜರ ಮುರೀರಿ ಅಂತ ಕೂಗ್ತಿದ್ದಾಗ, ಹಾರ್ಲೆಯ ಹಳೇ ಏಜೆನ್ಸಿ ಪಂಜರಕ್ಕೆ ಪ್ರೀತಿ ಹಚ್ಚಿ ಮಾರ್ತಿತ್ತು.

ಗುಂಡಣ್ಣ: ಎರಡನ್ನೂ ಒಟ್ಟಿಗೆ ಮೂರು ವರ್ಷ ಇಟ್ಕೊಂಡಿದ್ದರಲ್ಲ, ಎದುರಾಳಿ ಅಕೌಂಟ್ ಹಿಡೀಬಾರದು ಅಂತ ಷರತ್ತು ಇರಲ್ವಾ?

ವಾಣಿ: ಇರುತ್ತೆ. ಅಲ್ಲಿ 'ಮೋಟಾರ್‌ಸೈಕಲ್' ಅಂತ ಬರೆದಿದ್ದರೆ ಕಾರು ಬಚಾವ್. 'ಮೋಟಾರು ವಾಹನ' ಅಂತಿದ್ದರೆ ಕಾರೂ ಸಿಕ್ಕಿಬೀಳುತ್ತೆ, ಹುಲ್ಲು ಕತ್ತರಿಸೋ ಟ್ರ್ಯಾಕ್ಟರೂ ಸಿಕ್ಕಿಬೀಳುತ್ತೆ. ಬಿಟ್ಟು ಹೋದ ಮೇಲೂ ಆರು ತಿಂಗಳೋ ವರ್ಷವೋ ಎದುರಾಳಿಯನ್ನ ಮುಟ್ಟಬಾರದು ಅಂತ ಕೆಲವರು ಬರೆಸ್ಕೋತಾರೆ. ಮಿನಿಯಾಪೊಲಿಸ್ ಹತ್ತಿರದ ಮೆಡೈನಾದಲ್ಲೇ ಪೊಲಾರಿಸ್ ಕಂಪನಿ ಇದೆ, ಆಗ ವಿಕ್ಟರಿ ಬೈಕ್ ಮಾಡ್ತಿತ್ತು, 2011ರಲ್ಲಿ ಇಂಡಿಯನ್ ಬ್ರ್ಯಾಂಡನ್ನೂ ಕೊಂಡಿತು. ಅಷ್ಟು ಹತ್ತಿರ ಎದುರಾಳಿ ಇರೋ ಊರಲ್ಲಿ ಆ ಸಾಲು ಬರೆಸದೇ ಬಿಡೋ ವಕೀಲ ಫೀಸಿಗೆ ಲಾಯಕ್ಕಲ್ಲ.

ಗುಂಡಣ್ಣ: ಹುಲ್ಲು ಕತ್ತರಿಸೋ ಟ್ರ್ಯಾಕ್ಟರಿಗೆ ಎಂಜಿನ್ ಯಾವುದು? ವಿ-ಟ್ವಿನ್ ಇದ್ದರೆ ನನ್ನ ಪ್ರಕಾರ ಅದೂ ಎದುರಾಳಿಯೇ.

ವಾಣಿ: ಎಷ್ಟೋ ಮಾಡೆಲ್ಲಲ್ಲಿ ವಿ-ಟ್ವಿನ್ನೇ. ಆದರೆ 90 ಡಿಗ್ರಿ.

ಗುಂಡಣ್ಣ: ಹಾಗಾದ್ರೆ ಬಿಡು, ಹಿಡೀಲಿ.